ಮರಳುಗಾಡಿನ ಮನೆಗೆ ಹೆಣೆಯುವ ಶಾಲು

ಪುಣೆಯ ಕನ್ನಡ ಕುಟುಂಬಗಳಿಗೆ ಜೋಧಪುರ, ಜೈಸಲ್ಮೇರ್, ಬಿಕಾನೇರ್ ಎಂಬ ಹೆಸರುಗಳು ಹೊಸವಲ್ಲ. ಸೇನೆಯ ದಕ್ಷಿಣ ಕಮಾಂಡ್‌ನ ಕೇಂದ್ರ ಕಚೇರಿ ಪುಣೆಯಲ್ಲೇ ಇದ್ದು, ಅದರ ವ್ಯಾಪ್ತಿ ಜೋಧಪುರ, ಜೈಸಲ್ಮೇರ್‌ವರೆಗೂ ಹಬ್ಬಿರುವುದರಿಂದ ಇಲ್ಲಿಂದ ಅಲ್ಲಿಗೆ ವರ್ಗವಾಗಿ ಹೋಗುವವರು ಇದ್ದೇ ಇರುತ್ತಾರೆ. ಗಾಳಿ ಮತ್ತು ಸೌರ ವಿದ್ಯುತ್ತಿನ ಕೆಲಸಕ್ಕೆಂದು ಹೋಗಿ ಅಲ್ಲೇ ಮನೆ ಮಾಡಿದ ಎಂಜಿನಿಯರುಗಳೂ ಇದ್ದಾರೆ. ಹಾಗೆ ಹೋದ ಮಗಳಿಗೋ ಸೊಸೆಗೋ ಇಲ್ಲಿಂದ ಸ್ವೆಟರ್ ಹೆಣೆದು ಕಳಿಸುವುದು ನಮ್ಮ ಮನೆಗಳ ರೂಢಿ. ಆದರೆ ಪುಣೆಯ ಕೋಥರೂಡಿನ ಚಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೆಣೆದ ದಪ್ಪ ಸ್ವೆಟರ್ ಅಲ್ಲಿ ಪೆಟ್ಟಿಗೆಯಲ್ಲೇ ಉಳಿಯುವುದು ಹೆಚ್ಚು. ಜೋಧಪುರದಲ್ಲಿರುವ ನನ್ನ ತಂಗಿ ಫೋನಿನಲ್ಲಿ ಹೇಳಿದ ಮಾತು ಇಡೀ ಸಮಸ್ಯೆಯನ್ನು ತಿಳಿಸುತ್ತದೆ: “ಅಕ್ಕಾ, ಮುಂಜಾನೆ ಅದಿಲ್ಲದೆ ಹೊರಗೆ ಕಾಲಿಡೋಕಾಗಲ್ಲ, ಹನ್ನೊಂದು ಗಂಟೆಗೆ ಅದನ್ನ ಎಲ್ಲಿ ತೆಗೆದಿಡಲಿ ಅನ್ನಿಸುತ್ತೆ.” ಆದ್ದರಿಂದ ಮರಳುಗಾಡಿಗೆ ಹೆಣೆಯುವವರು ವಿನ್ಯಾಸ ಆರಿಸುವ ಮೊದಲು ಆ ಊರಿನ ಹವೆಯನ್ನು, ಆ ಮನೆಯ ನೀರನ್ನು, ಅಲ್ಲಿನ ಧೂಳನ್ನು ತಿಳಿದುಕೊಳ್ಳಬೇಕು. ದಾರ ಯಾವುದು, ಕಡ್ಡಿ ಎಷ್ಟು ದಪ್ಪ, ಹೆಣಿಗೆ ಎಷ್ಟು ಸಡಿಲ ಎಂಬುದನ್ನೆಲ್ಲ ಅವೇ ನಿರ್ಧರಿಸುತ್ತವೆ.

ಥಾರ್ ಪ್ರದೇಶದ ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ 51 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾಗಿತ್ತು. ಅದೇ ಪ್ರದೇಶದ ಅಂಚಿನಲ್ಲಿರುವ ಚೂರೂ ಊರಿನಲ್ಲಿ ಚಳಿಗಾಲದ ಕೆಲವು ರಾತ್ರಿ ಪಾದರಸ ಸೊನ್ನೆಗಿಂತ ಕೆಳಗಿಳಿಯುತ್ತದೆ. ಋತುಗಳ ನಡುವಿನ ಈ ಅಂತರಕ್ಕಿಂತ ಹೆಣೆಯುವವರಿಗೆ ಮುಖ್ಯವಾದದ್ದು ಒಂದೇ ದಿನದೊಳಗಿನ ಅಂತರ. ಗಾಳಿಯಲ್ಲಿ ತೇವವಿಲ್ಲ, ಆಕಾಶದಲ್ಲಿ ಮೋಡವಿಲ್ಲ. ಹಗಲು ಕಾದ ನೆಲ ಸೂರ್ಯ ಮುಳುಗಿದೊಡನೆ ತನ್ನ ಶಾಖವನ್ನು ತಡೆಯಿಲ್ಲದೆ ಮೇಲಕ್ಕೆ ಬಿಟ್ಟುಕೊಡುತ್ತದೆ. ಮರಳು ಬೇಗ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ಹೀಗಾಗಿ ಜನವರಿಯಲ್ಲೂ ಮಧ್ಯಾಹ್ನ ಹತ್ತಿಯ ಬಟ್ಟೆ ಸಾಕು, ಬೆಳಗಿನ ಜಾವಕ್ಕೆ ಉಣ್ಣೆ ಬೇಕೇ ಬೇಕು. ಒಮ್ಮೆ ತೊಟ್ಟರೆ ತೊಟ್ಟಂತೆಯೇ ಇರುವ ಸ್ವೆಟರಿಗಿಂತ, ಸಂಜೆ ಒಂದೇ ಪದರವಾಗಿ ಹೊದ್ದು, ನಸುಕಿನಲ್ಲಿ ಎರಡು ಮಡಿಕೆ ಮಾಡಿ ಸುತ್ತಿಕೊಂಡು, ಬಿಸಿಲೇರಿದಾಗ ಮಡಚಿ ಚೀಲಕ್ಕೆ ಹಾಕಿಕೊಳ್ಳಬಹುದಾದ ಉದ್ದ ಶಾಲು ಅಲ್ಲಿಗೆ ಹೆಚ್ಚು ಸಲ್ಲುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ವಿವರಿಸುವುದು ಅಂಥದೊಂದು ಶಾಲನ್ನು.

ದಾರದ ಆಯ್ಕೆ

ಅಕ್ರಿಲಿಕ್ ದಾರ ಅಗ್ಗ, ತೊಳೆಯಲು ಸುಲಭ, ಪುಣೆಯಲ್ಲಿ ಮಗುವಿನ ಟೋಪಿಗೆ ಅದು ಸಾಕು. ಮರಳುಗಾಡಿಗೆ ಮಾತ್ರ ಅದು ಬೇಡ. ಒಣಹವೆಯಲ್ಲಿ ಅದು ಮೈಗೂ ಇತರ ಬಟ್ಟೆಗೂ ಉಜ್ಜಿ ವಿದ್ಯುದಾವೇಶ ಪಡೆಯುತ್ತದೆ. ತೆಗೆಯುವಾಗ ಚಟಚಟ ಎನ್ನುತ್ತದೆ, ಕೂದಲಿಗೆ ಅಂಟುತ್ತದೆ, ಅದಕ್ಕಿಂತ ಮುಖ್ಯವಾಗಿ ಗಾಳಿಯಲ್ಲಿರುವ ನುಣ್ಣನೆಯ ಧೂಳನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಇನ್ನೊಂದು ಕಾರಣ ಸುರಕ್ಷತೆಯದು. ಚಳಿಗಾಲದಲ್ಲಿ ಅಲ್ಲಿನ ಮನೆಯಂಗಳದಲ್ಲಿ ಸಿಗಡಿ ಎಂಬ ಕೆಂಡದ ಒಲೆಯ ಸುತ್ತ ಕೂರುವುದು ದಿನನಿತ್ಯದ ಮಾತು. ಕಿಡಿ ತಗುಲಿದರೆ ಅಕ್ರಿಲಿಕ್ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಹೊತ್ತಿದರೂ ಬೆಂಕಿಯಿಂದ ದೂರ ಸರಿಸಿದಾಗ ಸಾಮಾನ್ಯವಾಗಿ ತಾನೇ ನಂದುತ್ತದೆ. ಪೂರ್ತಿ ಹತ್ತಿಯ ದಾರ ಮಧ್ಯಾಹ್ನಕ್ಕೆ ಹಿತ, ರಾತ್ರಿಯ ಚಳಿಗೆ ಸಾಲದು, ಮತ್ತು ಶಾಲು ಉದ್ದವಾದಂತೆ ತನ್ನ ಭಾರಕ್ಕೆ ತಾನೇ ಜೋತು ಬೀಳುತ್ತದೆ.

ಉಣ್ಣೆಯ ಗುಣ ಬೇರೆ. ಅದು ತನ್ನ ತೂಕದ ಸುಮಾರು ಶೇ 30ರಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಎನ್ನಿಸುವುದಿಲ್ಲ. ಆದ್ದರಿಂದ ಬೆವರಿದ ಕುತ್ತಿಗೆಯ ಮೇಲೂ ಅದು ಸಹನೀಯವಾಗಿರುತ್ತದೆ. ಬಿಕಾನೇರ್ ಉಣ್ಣೆಯ ಬಹು ದೊಡ್ಡ ಮಾರುಕಟ್ಟೆ ಎಂಬುದು ನಿಜ, ಆದರೆ ಮಗರಾ, ನಾಲಿ, ಮಾರವಾಡಿ ಮುಂತಾದ ಅಲ್ಲಿನ ಕುರಿಗಳ ಉಣ್ಣೆ ಬಹುಪಾಲು ರತ್ನಗಂಬಳಿಗೆ ಹೋಗುವಂಥದ್ದು. ನಮ್ಮ ಕುರುಬರ ಕಂಬಳಿಯಂತೆ ಅದು ಬಾಳಿಕೆಗೆ ಹೆಸರಾದದ್ದು, ಬರಿಯ ಕುತ್ತಿಗೆಗೆ ಚುಚ್ಚುತ್ತದೆ. ಕುತ್ತಿಗೆಯ ಸುತ್ತ ಬರುವ ಶಾಲಿಗೆ ಮೆರಿನೊ ಉಣ್ಣೆಯೇ ಒಳ್ಳೆಯದು. ದುಬಾರಿ ಎನ್ನಿಸಿದರೆ ಉಣ್ಣೆ ಮತ್ತು ಹತ್ತಿ ಸೇರಿಸಿ ನೂತ ದಾರವನ್ನು ಆರಿಸಬಹುದು. ನಾಲ್ಕೆಳೆಯ ತೆಳು ದಾರ 200 ಗ್ರಾಂ ಬೇಕಾಗುತ್ತದೆ. ನವಿರಾದ ಕೂದಲೆದ್ದ ಮೊಹೇರ್ ಬಗೆಯ ದಾರವನ್ನು ತೆಗೆದುಕೊಳ್ಳಬಾರದು, ಏಕೆಂದರೆ ಅದರ ಕೂದಲೊಳಗೆ ಸೇರಿದ ಮರಳು ಎಷ್ಟು ಕೊಡವಿದರೂ ಬೀಳದು. ನಯವಾಗಿ, ಬಿಗಿಯಾಗಿ ಹುರಿಗೊಂಡ ದಾರವನ್ನೇ ಆರಿಸಿ.

ಪುಣೆಯಲ್ಲಿ ತುಳಶಿಬಾಗ್ ಸುತ್ತಲಿನ ಅಂಗಡಿಗಳಲ್ಲಿ ‘ಲೋಕರ್’ (ಮರಾಠಿಯಲ್ಲಿ ಉಣ್ಣೆ) ಎಂದು ಕೇಳಿದರೆ ಅಕ್ರಿಲಿಕ್ ಉಂಡೆಯನ್ನೂ ತೆಗೆದು ಮುಂದಿಡುವುದುಂಟು. ಉಂಡೆಯ ಮೇಲಿನ ಕಾಗದದ ಪಟ್ಟಿಯನ್ನು ಓದದೆ ಹಣ ಕೊಡಬೇಡಿ. ಪಟ್ಟಿ ಇಲ್ಲದ ದಾರವಾದರೆ ಬೆರಳುದ್ದ ತುಂಡನ್ನು ಮನೆಗೆ ತಂದು, ಚಿಮಟದಲ್ಲಿ ಹಿಡಿದು, ಸಿಂಕ್‌ನ ಮೇಲೆ ಕಡ್ಡಿ ಗೀರಿ ನೋಡಿ: ಉಣ್ಣೆ ಸುಟ್ಟ ಕೂದಲಿನ ವಾಸನೆ ಬೀರಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಕರಿಯ ಬೂದಿಯಾಗುತ್ತದೆ, ಹತ್ತಿ ಕಾಗದದಂತೆ ಉರಿಯುತ್ತದೆ, ಅಕ್ರಿಲಿಕ್ ಕರಗಿ, ತುದಿಯಲ್ಲಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಬಣ್ಣದ ವಿಷಯದಲ್ಲಿ ಅಚ್ಚ ಕಪ್ಪು, ಅಚ್ಚ ಬಿಳಿ ಎರಡೂ ಬೇಡ; ಎರಡರ ಮೇಲೂ ಧೂಳು ಎದ್ದು ಕಾಣುತ್ತದೆ. ಇಟ್ಟಿಗೆಗೆಂಪು, ಅರಿಶಿನ, ಒಂಟೆಯ ಕಂದು ಅಲ್ಲಿನ ಬೆಳಕಿನಲ್ಲಿ ಬಹಳ ಚೆಲುವಾಗಿ ಕಾಣುತ್ತವೆ.

ಕಡ್ಡಿ, ಮಾದರಿ ತುಣುಕು

ನಾಲ್ಕೆಳೆಯ ದಾರಕ್ಕೆ ಸಾಮಾನ್ಯವಾಗಿ 10ನೇ ನಂಬರಿನ, ಅಂದರೆ 3.25 ಮಿ.ಮೀ. ಕಡ್ಡಿ ಬಳಸುತ್ತೇವೆ. ಈ ಶಾಲಿಗೆ 8ನೇ ನಂಬರಿನ, ಅಂದರೆ 4 ಮಿ.ಮೀ. ಕಡ್ಡಿ ಬೇಕು. ನಮ್ಮಲ್ಲಿ ಸಿಗುವ ಹಳೆಯ ಅಳತೆಯ ಕಡ್ಡಿಗಳಲ್ಲಿ ನಂಬರು ಹೆಚ್ಚಾದಷ್ಟೂ ಕಡ್ಡಿ ತೆಳುವಾಗುತ್ತದೆ ಎಂಬುದನ್ನು ಹೊಸಬರು ನೆನಪಿಡಬೇಕು. ದಪ್ಪ ಕಡ್ಡಿಯಿಂದ ಹೆಣಿಗೆ ಸಡಿಲಗೊಂಡು, ಮಡಿಕೆ ಹಾಕಿದಾಗ ಪದರಗಳ ನಡುವೆ ಗಾಳಿ ನಿಲ್ಲುತ್ತದೆ. ಮೈ ಬೆಚ್ಚಗಿಡುವುದು ಆ ನಿಂತ ಗಾಳಿಯೇ. ಜೋರು ಗಾಳಿ ಬೀಸುವಾಗ ಇಂಥ ಸಡಿಲ ಹೆಣಿಗೆ ತಾನೊಂದೇ ಸಾಲದು, ಅದರ ಮೇಲೊಂದು ಜಾಕೆಟ್ ಬೇಕಾಗುತ್ತದೆ.

ಮೊದಲು 30 ಕುಣಿಕೆ ಹಾಕಿ, ಅಂಗೈ ಅಗಲದ ಒಂದು ತುಣುಕನ್ನು ಒಂದು ಸಾಲು ಪ್ಲೇನ್ (ಸಾದಾ ಹೆಣಿಗೆ), ಒಂದು ಸಾಲು ಪರ್ಲ್ (ಉಲ್ಟಾ ಹೆಣಿಗೆ) ಎಂಬಂತೆ ಹೆಣೆಯಿರಿ. ಅದನ್ನು ತೊಳೆದು, ಚಪ್ಪಟೆಯಾಗಿ ಹರಡಿ, ಪೂರ್ತಿ ಒಣಗಿಸಿದ ಮೇಲೆಯೇ ಅಳೆಯಬೇಕು. 10 ಸೆಂ.ಮೀ. ಅಗಲಕ್ಕೆ 22 ಕುಣಿಕೆ ಬಂದರೆ ಸರಿ. ಹೆಚ್ಚು ಬಂದರೆ ಇನ್ನೂ ದಪ್ಪ ಕಡ್ಡಿಗೆ, ಕಡಿಮೆ ಬಂದರೆ ತೆಳುವಾದ ಕಡ್ಡಿಗೆ ಬದಲಾಯಿಸಿ.

ಹೆಣೆಯುವ ಕ್ರಮ

101 ಕುಣಿಕೆಗಳನ್ನು ಸಡಿಲವಾಗಿ ಹಾಕಿಕೊಂಡು, ಮೊದಲ 8 ಸಾಲುಗಳನ್ನು ಪೂರ್ತಿ ಪ್ಲೇನ್ ಹೆಣೆಯಿರಿ. ಇದರಿಂದ ಅಂಚು ಸುರುಳಿ ಸುತ್ತುವುದಿಲ್ಲ. ಆ ಬಳಿಕ 6 ಸಾಲುಗಳ ವಿನ್ಯಾಸ ಆರಂಭವಾಗುತ್ತದೆ. ಮೊದಲ ಸಾಲಿನಲ್ಲಿ 5 ಕುಣಿಕೆ ಪ್ಲೇನ್ ಹೆಣೆದು, ಮುಂದೆ ಎರಡು ಕುಣಿಕೆಗಳನ್ನು ಸೇರಿಸಿ ಒಂದಾಗಿ ಹೆಣೆಯಿರಿ. ಕೂಡಲೇ ದಾರವನ್ನು ಮುಂದಕ್ಕೆ ತಂದು, ಬಲಗೈ ಕಡ್ಡಿಯ ಮೇಲಿಂದ ಹಾಯಿಸಿಕೊಂಡು ಹೊಸ ಕುಣಿಕೆ ಮಾಡಿಕೊಳ್ಳಿ. ಒಂದು ಕುಣಿಕೆ ಕಡಿಮೆಯಾಗಿ ಒಂದು ಹೆಚ್ಚುವುದರಿಂದ ಲೆಕ್ಕ ಬದಲಾಗುವುದಿಲ್ಲ, ಅಲ್ಲೊಂದು ಪುಟ್ಟ ಕಿಂಡಿ ಮೂಡುತ್ತದೆ. ಹೀಗೆ 45 ಸಲ ಮಾಡಿದ ಮೇಲೆ 6 ಕುಣಿಕೆ ಉಳಿಯುತ್ತವೆ. ಅವನ್ನು ಪ್ಲೇನ್ ಹೆಣೆಯಿರಿ. ಎರಡನೆಯ ಸಾಲಿನಲ್ಲಿ ಎರಡೂ ಅಂಚಿನ 5 ಕುಣಿಕೆ ಪ್ಲೇನ್, ನಡುವಿನದ್ದೆಲ್ಲ ಪರ್ಲ್. ಮೂರನೆಯ ಸಾಲು ಪೂರ್ತಿ ಪ್ಲೇನ್, ನಾಲ್ಕನೆಯದು ಎರಡನೆಯದರಂತೆ, ಐದನೆಯದು ಮತ್ತೆ ಪ್ಲೇನ್, ಆರನೆಯದು ಮತ್ತೆ ಎರಡನೆಯದರಂತೆ.

ಈ ಆರು ಸಾಲುಗಳನ್ನೇ ಶಾಲು ಸುಮಾರು 170 ಸೆಂ.ಮೀ. ಉದ್ದವಾಗುವವರೆಗೆ ಮುಂದುವರಿಸಿ. ಪ್ರತಿ ಕಿಂಡಿಯ ಸಾಲಿನ ಬಳಿಕ ಕುಣಿಕೆಗಳನ್ನು ಎಣಿಸುವ ಅಭ್ಯಾಸವಿರಲಿ. ದಾರ ಹಾಯಿಸುವುದು ಒಂದೆಡೆ ತಪ್ಪಿದರೂ 100 ಬರುತ್ತದೆ, ಆಗ ಆ ಸಾಲೊಂದನ್ನು ಬಿಚ್ಚಿದರೆ ಸಾಕು. ಗಮನಿಸದೆ ಮುಂದೆ ಹೋದರೆ ಗೇಣುದ್ದ ಬಿಚ್ಚಬೇಕಾಗುತ್ತದೆ. ಹೊಸ ಉಂಡೆ ಸೇರಿಸುವುದಿದ್ದರೆ ಅಂಚಿನಲ್ಲೇ ಸೇರಿಸಿ. ಕೊನೆಗೆ 8 ಸಾಲು ಪ್ಲೇನ್ ಹೆಣೆದು, ಒಂದು ಅಳತೆ ದಪ್ಪ ಕಡ್ಡಿಯಿಂದ ಸಡಿಲವಾಗಿ ಕುಣಿಕೆಗಳನ್ನು ಮುಗಿಸಿ.

ಮುಗಿದ ಶಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಹಾಸಿಗೆಯ ಮೇಲೆ ಹತ್ತಿಯ ಚಾದರ ಹಾಸಿ, ಶಾಲನ್ನು 50 ಸೆಂ.ಮೀ. ಅಗಲ, 180 ಸೆಂ.ಮೀ. ಉದ್ದಕ್ಕೆ ಎಳೆದು, ಅಂಚಿನುದ್ದಕ್ಕೂ ತುಕ್ಕು ಹಿಡಿಯದ ಗುಂಡುಪಿನ್ನು ಚುಚ್ಚಿಡಿ. ಆಗ ಕಿಂಡಿಗಳು ತೆರೆದುಕೊಂಡು ಸಾಲುಸಾಲಾಗಿ ಎದ್ದು ಕಾಣುತ್ತವೆ. ಗಣೇಶ ಚೌತಿ ಕಳೆದ ಮೇಲೆ ಕೈಗೆತ್ತಿಕೊಂಡು, ದಿನಕ್ಕೊಂದು ತಾಸು ಕೂತರೆ ದೀಪಾವಳಿಯ ಹೊತ್ತಿಗೆ ಶಾಲು ಸಿದ್ಧವಾಗುತ್ತದೆ. ಥಾರ್‌ನ ಸಂಜೆಗಳು ತಣ್ಣಗಾಗತೊಡಗುವುದೂ ಆಗಲೇ.

ಆ ಮನೆಯಲ್ಲಿ ಅದರ ಆರೈಕೆ

ಶಾಲಿನ ಜೊತೆಗೆ ಒಂದು ಚೀಟಿಯಲ್ಲಿ ಆರೈಕೆಯ ವಿವರ ಬರೆದು ಕಳಿಸಿದರೆ ಒಳ್ಳೆಯದು, ಏಕೆಂದರೆ ಪುಣೆಯ ಕ್ರಮ ಅಲ್ಲಿ ನಡೆಯುವುದಿಲ್ಲ.

ಮೊದಲನೆಯದು ಧೂಳು. ಬೇಸಿಗೆಯಲ್ಲಿ ಏಳುವ ಆಂಧಿ ಎಂಬ ಬಿರುಗಾಳಿಯ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಚಳಿಗಾಲದಲ್ಲೂ ಗಾಳಿಯಲ್ಲಿ ಸಣ್ಣ ಮರಳು ಇದ್ದೇ ಇರುತ್ತದೆ. ಧೂಳು ಕೂತ ಉಣ್ಣೆಯನ್ನು ನೇರವಾಗಿ ನೀರಿಗೆ ಹಾಕಬಾರದು. ಹಾಕಿದರೆ ಧೂಳು ಕೆಸರಾಗಿ ಎಳೆಗಳ ಸಂದಿಗೆ ಇಳಿದು, ಉಜ್ಜಿದಂತೆಲ್ಲ ಎಳೆಯನ್ನು ಸವೆಸುತ್ತದೆ. ಗಾಳಿಗೆ ಬೆನ್ನು ಮಾಡಿ ನಿಂತು, ಎರಡು ಮೂಲೆ ಹಿಡಿದು ಕೊಡವಿ, ಆಮೇಲೆ ಚಾದರದ ಮೇಲೆ ಹರಡಿ ಅಂಗೈಯಿಂದ ಮೆಲ್ಲಗೆ ತಟ್ಟಬೇಕು. ತಟ್ಟಿದ ಕಡೆಯಲ್ಲೆಲ್ಲ ಕಿಂಡಿಗಳ ಕೆಳಗೆ, ಚಾದರದ ಮೇಲೆ ಮರಳಿನ ಸಾಲುಗಳೇ ಬೀಳುತ್ತವೆ. ಅಲ್ಲಿನ ಬಯಲಲ್ಲಿ ಬೆಳೆಯುವ ಭುರುಟ್ ಎಂಬ ಹುಲ್ಲಿನ ಮುಳ್ಳುಕಾಯಿ ಉಣ್ಣೆಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಬೆರಳಿನಿಂದ ಎಳೆದರೆ ಬೆರಳಿಗೂ ನೋವು, ಕುಣಿಕೆಗೂ ಹಾನಿ. ಚಿಮಟದಿಂದ ಒಂದೊಂದಾಗಿ ಬಿಡಿಸಬೇಕು.

ಎರಡನೆಯದು ನೀರು. ಇಂದಿರಾ ಗಾಂಧಿ ಕಾಲುವೆಯ ನೀರು ತಲುಪುವ ಊರುಗಳಲ್ಲಿ ಪರವಾಗಿಲ್ಲ, ಕೊಳವೆಬಾವಿಯನ್ನು ನಂಬಿದ ಮನೆಗಳಲ್ಲಿ ನೀರು ಬಹಳ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನೊಡನೆ ಸೇರಿ ಅಂಟು ಕೆನೆಯಾಗುತ್ತವೆ. ಅದು ಎಳೆಗಳಲ್ಲಿ ಉಳಿದು ಉಣ್ಣೆ ಬಿರುಸಾಗುತ್ತದೆ. ಆದ್ದರಿಂದ ಸೋಪಿನ ಬದಲು ಉಣ್ಣೆಗೆಂದೇ ಸಿಗುವ ದ್ರವ ಡಿಟರ್ಜೆಂಟ್ ಬಳಸಿ, ಕೊನೆಯ ಬಕೆಟ್ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಬೆರೆಸಿ ಜಾಲಾಡಬೇಕು. ನೀರಿನ ಬರ ಇರುವ ಮನೆಗಳಲ್ಲಿ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಉಳಿಸಿ ಬಳಸುವುದು ಮೆಚ್ಚತಕ್ಕ ಪದ್ಧತಿ, ಆದರೆ ಅದರಲ್ಲಿ ಲವಣ ಇನ್ನೂ ಹೆಚ್ಚಿರುವುದರಿಂದ ಅದು ನೆಲ ಒರೆಸುವುದಕ್ಕಿರಲಿ, ಉಣ್ಣೆಗೆ ಬೇಡ. ಮಳೆಗಾಲದ ಪುಣೆಯಲ್ಲಿ ದಿನಗಟ್ಟಲೆ ಒಣಗದ ಶಾಲು ಅಲ್ಲಿ ಕೆಲವೇ ಗಂಟೆಗಳಲ್ಲಿ ಒಣಗುತ್ತದೆ. ಹಾಗೆಂದು ಬಿಸಿಲಿಗೆ ಹಾಕಬಾರದು: ಬಣ್ಣ ಮಾಸುತ್ತದೆ, ಎಳೆಯೂ ಬಲಗುಂದುತ್ತದೆ. ನೆರಳಿನಲ್ಲಿ, ಹಗ್ಗದ ಮೇಲೆ ನೇತುಹಾಕದೆ, ಹಗ್ಗದ ಮಂಚದ ಮೇಲೆ ಹರಡಿದರೆ ಕೆಳಗಿನಿಂದಲೂ ಗಾಳಿಯಾಡುತ್ತದೆ.

ಹೋಳಿ ಕಳೆದ ಮೇಲೆ ಶಾಲನ್ನು ತೆಗೆದಿಡುವ ಸಮಯ. ನುಸಿ ಹುಳುಗಳು ಬೆವರು, ಎಣ್ಣೆಯ ಕಲೆ ಇರುವ ಉಣ್ಣೆಯನ್ನೇ ಹೆಚ್ಚು ತಿನ್ನುವುದರಿಂದ, ತೊಳೆದು ಪೂರ್ತಿ ಒಣಗಿಸಿ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಡಬೇಕು. ಬೇಸಿಗೆಯಲ್ಲಿ ಮನೆಮನೆಯಲ್ಲೂ ಓಡುವ ಕೂಲರ್ ನೀರನ್ನು ಆವಿ ಮಾಡಿ ಗಾಳಿ ತಂಪಾಗಿಸುವ ಯಂತ್ರ. ಅದರ ಗಾಳಿ ನೇರವಾಗಿ ತಗಲುವ ಕಪಾಟಿನಲ್ಲಿ ಉಣ್ಣೆ ಇಟ್ಟರೆ ತೇವ ಹೀರಿ ಮುಗ್ಗಲು ವಾಸನೆ ಬರುತ್ತದೆ. ಹೆಣಿಗೆಯಲ್ಲಿ ಉಳಿದ ದಾರವನ್ನು ಸಣ್ಣ ಲಡಿಯಾಗಿ ಸುತ್ತಿ ಶಾಲಿನ ಜೊತೆಗೇ ಕಳಿಸಿ, ಪ್ರತಿ ಸಲವೂ ಶಾಲಿನೊಂದಿಗೆ ಅದನ್ನೂ ತೊಳೆಯಲು ಹೇಳಿ; ಎಲ್ಲಾದರೂ ಎಳೆ ಹರಿದಾಗ ತೇಪೆಯ ದಾರ ಅಷ್ಟೇ ತೊಳೆದ ಬಣ್ಣದ್ದಾಗಿದ್ದು, ರಿಪೇರಿ ಮಾಡಿದ ಜಾಗ ಎದ್ದು ಕಾಣುವುದಿಲ್ಲ.