ಮಂದಿ ಮರ್ತಿರೋ ದೆವ್ವದ ಪಿಚ್ಚರಿನ ಹುಚ್ಚ ದೋಸ್ತರಿಗೆ ಹಚ್ಚೂದು ಹೆಂಗ

ನಮ್ಮ ವಿಜಯಪುರ ಕಡೆ ದೆವ್ವದ ಪಿಚ್ಚರ್ ನೋಡೋ ಮಂದಿ ಕಮ್ಮಿ ಇಲ್ಲ, ಆದ್ರ ಯಾರನ್ನ ಕೇಳಿದ್ರೂ ಅವ ನಾಕ ಹೆಸರ ಹೇಳ್ತಾರ, ಇವಿಲ್ ಡೆಡ್, ಎಕ್ಸಾರ್ಸಿಸ್ಟ್, ಕಾಂಜ್ಯೂರಿಂಗ್, ಕನ್ನಡದಾಗ ಆಪ್ತಮಿತ್ರ, ಮುಗೀತು. ಇವೆಲ್ಲಾ ಛಲೋನ ಅದಾವ, ಅದ್ರಾಗ ಎರಡ ಮಾತಿಲ್ಲ. ಆದ್ರ ಕಮ್ಮಿ ರೊಕ್ಕದಾಗ, ದೊಡ್ಡ ಹೀರೋ ಇಲ್ದ, ಸಿಕ್ಕಷ್ಟ ದಿನದಾಗ ಶೂಟಿಂಗ್ ಮುಗಿಸಿ ತಗದ ಪಿಚ್ಚರ್ ರಗಡ ಅದಾವ, ಅವುನ್ನ ಯಾರೂ ಹೇಳೂದಿಲ್ಲ, ಹೇಳಿದ್ರೂ ಹೇಳೋ ರೀತಿ ತಪ್ಪಿ ಕೇಳಿದಂವ ಹತ್ತ ನಿಮಿಷಕ್ಕ ಬಂದ್ ಮಾಡಿ ಮಕ್ಕೊಂಡ ಬಿಡ್ತಾನ. ಇಂಥಾ ಬಿ-ಮೂವಿ, ಕಲ್ಟ್ (ಕೆಲವ ಮಂದಿ ಅಷ್ಟ ಹುಚ್ಚ ಹಚ್ಕೊಂಡ ನೋಡೋ) ಹಾರರ್ ಪಿಚ್ಚರ್ ಇನ್ನೊಬ್ಬರಿಗೆ ಹೆಂಗ ಹೇಳಬೇಕು, ಯಾರಿಗೆ ಯಾವ್ದು ಕೊಡಬೇಕು ಅನ್ನೂದನ್ನ ಬರೀಲಾಕತ್ತೀನಿ.

ಮೊದಲ್ನೇದು, ಲಿಸ್ಟ್ ಕೊಡಬ್ಯಾಡ್ರಿ. ಯಾರರ ಒಂದ ಹಾರರ್ ಪಿಚ್ಚರ್ ಹೇಳ್ರಿ ಅಂದ ಕೂಡ್ಲೆ ನಮಗ ಹುರುಪ ಬಂದ ಒಂದರ ಹಿಂದ ಒಂದ ಹೆಸರ ವಾಟ್ಸಾಪ್‌ನಾಗ ಕಳಿಸಿಬಿಡ್ತೀವಿ, ಅಂವ ಓಕೆ ಅಂತ ಹಾಕಿ ಮರ್ತ ಬಿಡ್ತಾನ. ಒಬ್ಬಂವಗ ಒಂದ ಪಿಚ್ಚರ್ ಹೇಳ್ರಿ, ಆ ಪಿಚ್ಚರಿನ್ಯಾಗ ಒಂದ ಸೀನ್ ಹೇಳ್ರಿ. ಪೂರಾ ಕಥಿ ಬ್ಯಾಡ, ಆ ಸೀನ್ ಬರೂತನಾ ಅಂವ ಕುಂತ ನೋಡಬೇಕು ಅಷ್ಟ.

1973ರ ಮೆಸಾಯಾ ಆಫ್ ಇವಿಲ್ ತಗೋರಿ. ವಿಲರ್ಡ್ ಹ್ಯೂಕ್, ಗ್ಲೋರಿಯಾ ಕಾಟ್ಜ್ ಅಂತ ಗಂಡ-ಹೆಂಡ್ತಿ ಸೇರಿ ಮಾಡಿದ್ದು, ಮುಂದ 1984ರಾಗ ಬಂದ ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್ ಬರದವ್ರೂ ಇವ್ರನ. ಕಥಿ ಹೇಳ್ಲಾಕ ಹೋದ್ರ ಏನ ಹೇಳ್ತೀರಿ, ಚಿತ್ರ ಬರಿಯೋ ಅಪ್ಪನ್ನ ಹುಡುಕ್ಕೋತ ಮಗಳ ಸಮುದ್ರದ ದಂಡಿ ಊರಿಗೆ ಬರ್ತಾಳ, ಊರ ಮಂದಿ ಒಂದ ನಮೂನಿ ಅದಾರ, ಇದನ್ನ ಕೇಳಿ ಯಾರೂ ಪ್ಲೇ ಒತ್ತೂದಿಲ್ಲ. ಅದರ ಬದ್ಲಿ ಹಿಂಗ ಹೇಳ್ರಿ: ಒಬ್ಬಾಕಿ ಹುಡುಗಿ ಖಾಲಿ ಟಾಕೀಜಿನ್ಯಾಗ ಒಬ್ಬಾಕೇ ಬಂದ ಕುಂಡ್ರತಾಳ, ಪರದೆ ಮ್ಯಾಲ ಪಿಚ್ಚರ್ ನಡದೈತಿ, ಆಕಿ ಹಿಂದಿನ ಸಾಲಿಗೆ ಒಬ್ಬಂವ ಬಂದ, ಆಮ್ಯಾಲ ಇನ್ನಿಬ್ಬರು, ಆಮ್ಯಾಲ ನಾಕ ಮಂದಿ, ಯಾರೂ ಮಾತಾಡೂದಿಲ್ಲ, ಆಕಿ ಹಿಂದ ತಿರುಗಿ ನೋಡವಲ್ಲಳು, ನಾವ ಎಲ್ಲಾ ನೋಡಾಕತ್ತೀವಿ. ನಮ್ಮ ಕಡೆ ನಡು ವಾರ ಮ್ಯಾಟಿನಿ ಶೋಗೆ ಹೋಗಿ ಅಷ್ಟ ದೊಡ್ಡ ಟಾಕೀಜಿನ್ಯಾಗ ಒಬ್ಬಂವನ ಕುಂತಂವಗ ಇದನ್ನ ಬಿಡಿಸಿ ಹೇಳೂದ ಬೇಕಾಗೂದಿಲ್ಲ. ಆ ಪಿಚ್ಚರಿನ್ಯಾಗ ಸೂಪರ್ ಮಾರ್ಕೆಟ್ ಸೀನೂ ಐತಿ, ಅದನ್ನ ಮಾತ್ರ ಹೇಳಬ್ಯಾಡ್ರಿ, ಅದು ಅವನಿಗೇ ಸಿಗ್ಲಿ.

ಎರಡ್ನೇದು, ಹೆಸರ ಹೇಳೂಕಿಂತ ಮೊದಲ ಒಂದ ಪ್ರಶ್ನೆ ಕೇಳ್ರಿ, ನಿನಗ ಇಲ್ಲಿತನಾ ಖರೇ ಅಂಜಿಕಿ ಬಂದಿದ್ದ ಯಾವಾಗ ಅಂತ. ಪಿಚ್ಚರ್ ಹೆಸರನ ಹೇಳಬೇಕಂತಿಲ್ಲ, ಸಣ್ಣಂವ ಇದ್ದಾಗಿಂದ ಏನರ ಹೇಳ್ತಾನ, ಅದ್ರಾಗ ಗೊತ್ತಾಗತೈತಿ. ಕೆಲವರಿಗೆ ಮುಖ ನೋಡಿದ್ರ ಅಂಜಿಕಿ, ಮೇಕಪ್ಪು, ಕಣ್ಣು, ಹಲ್ಲು. ಕೆಲವರಿಗೆ ಯಾರೂ ಇಲ್ದ ಜಾಗಾ ಅಂದ್ರ ಅಂಜಿಕಿ, ಅಂಥವರು ನಮ್ಮೂರಿನ ಸಾಠ್ ಕಬರ್ ಅನ್ನೋ ಹಳೇ ಗೋರಿಗಳ ಕಡೆ ಹಾಡ ಹಗಲಿನ್ಯಾಗೂ ಒಬ್ರ ಹೋಗೂದಿಲ್ಲ. ಕೆಲವರಿಗೆ ರಕ್ತ ನೋಡಿದ್ರ ಆಗೂದಿಲ್ಲ. ಈ ಮೂರೂ ಮಂದಿಗೆ ಒಂದ ಪಿಚ್ಚರ್ ಹೇಳಿದ್ರ ಇಬ್ಬರಿಗೆ ಬೋರ್ ಆಗೂದ ಗ್ಯಾರಂಟಿ.

ಖಾಲಿ ಜಾಗಕ್ಕ ಅಂಜೋರಿಗೆ ನಾ ಹೇಳೂದು ಕಾರ್ನಿವಲ್ ಆಫ್ ಸೋಲ್ಸ್, 1962ರದ್ದು, ಕಪ್ಪು ಬಿಳಿ, ಒಂದೂವರಿ ತಾಸೂ ಇಲ್ಲ. ಹರ್ಕ್ ಹಾರ್ವಿ ಅನ್ನಾವ ಅಮೆರಿಕಾದ ಕಾನ್ಸಸ್ ರಾಜ್ಯದ ಲಾರೆನ್ಸ್ ಊರಾಗ ಕಂಪನಿಗಳಿಗೆ, ಸಾಲಿಗಳಿಗೆ ಸಣ್ಣ ಸಣ್ಣ ಶಿಕ್ಷಣದ ಫಿಲ್ಮ್ ಮಾಡ್ಕೊಂಡ ಇದ್ದಂವ, ಗ್ರೇಟ್ ಸಾಲ್ಟ್ ಲೇಕ್ ಅನ್ನೋ ಉಪ್ಪ ನೀರಿನ ಕೆರಿ ದಂಡಿ ಮ್ಯಾಲ ಸಾಲ್ಟೇರ್ ಅನ್ನೋ ಹಾಳ ಬಿದ್ದ ಮನರಂಜನಿ ಕಟ್ಟಡ ನೋಡಿ ಇಲ್ಲೇ ಒಂದ ಪಿಚ್ಚರ್ ಮಾಡಬೇಕು ಅಂತ ತಲಿಗೆ ಹಚ್ಕೊಂಡ. ಸುಮಾರು 33,000 ಡಾಲರಿನ್ಯಾಗ, ಮೂರ ವಾರದಾಗ ಶೂಟಿಂಗ್ ಮುಗಿಸಿದ, ಬೆಳ್ಳಗಿನ ಮಾರಿ ಮನಷ್ಯಾನ ಪಾತ್ರನೂ ತಾನ ಮಾಡಿದ. ಕೆರಿ ನೀರ ಹಿಂದ ಸರದ ಮ್ಯಾಲ ಆ ಕಟ್ಟಡ ಸುಮ್ನ ನಿಂತಿರತೈತಿ, ಮುಳುಗಡೆ ಆದ ಹಳೇ ಬಾಗಲಕೋಟಿ ಓಣಿ ನೋಡಿದವರಿಗೆ ಆ ಜಾಗದ ಸಂಕಟ ಲಗೂನ ತಿಳೀತೈತಿ, ಬಾಗಲಕೋಟಿ ದೋಸ್ತರಿಗೆ ನಾ ಹಿಂಗ ಹೇಳೇ ಇದನ್ನ ತೋರಸ್ತೀನಿ.

ಇದನ್ನ ಗಾಂಧಿ ಚೌಕ್ ಹತ್ರ ಮೊಬೈಲ್ ರಿಪೇರಿ ಮಾಡೋ ಹುಡುಗಗೂ ಹೇಳಿದ್ನಿ. ಅಂವ ಅಂದ, "ಅಣ್ಣಾ, ನನಗ ಇಂಗ್ಲಿಷ್ ಅಷ್ಟ ತಿಳ್ಯಂಗಿಲ್ಲ, ಸಬ್‌ಟೈಟಲ್ ಓದಿ ಮ್ಯಾಲ ನೋಡೂದ್ರಾಗ ದೆವ್ವ ಹೋಗೇಬಿಟ್ಟಿರತೈತಿ." ನಾ ಹೇಳಿದೆ, "ತಮ್ಮಾ, ಇದ್ರಾಗ ಮಾತಿನ ಕೆಲಸ ಕಮ್ಮಿ, ನೀ ಬರೇ ನೋಡು. ಅದರ ಹೀರೋಯಿನ್ ಅರಿವಿ ಅಂಗಡಿಗೆ ಹೋಗ್ತಾಳಲ್ಲ, ಅಲ್ಲಿ ಏನಾತು ಅಂತ ನಾಳೆ ನನಗ ಹೇಳು." ಆ ಸೀನಿನ್ಯಾಗ ಆಕಿ ಬಟ್ಟಿ ಹಾಕಿ ನೋಡಿ ಹೊರಗ ಬರೂದ್ರಾಗ ಇಡೀ ಊರಿನ ಸಪ್ಪಳ ಬಂದ್ ಆಗಿರತೈತಿ, ಆಕಿ ಮಾತಾಡಿದ್ರ ಯಾರಿಗೂ ಕೇಳ್ಸೂದಿಲ್ಲ, ಆಕಿ ಯಾರಿಗೂ ಕಾಣೂದೂ ಇಲ್ಲ. ಮರುದಿನ ಹುಡುಗ ಹೇಳಿದ, "ನಾ ಸ್ಪೀಕರ್ ಹೋತಂತ ವಾಲ್ಯೂಮ್ ಒತ್ತೇ ಒತ್ತಿದ್ನಿ ಅಣ್ಣಾ, ಆಮ್ಯಾಲ ಆಕಿ ಮಾರಿ ನೋಡಿ ಕೈ ತಣ್ಣಗಾತು." ಇಂಗ್ಲಿಷ್ ಬರೂದಿಲ್ಲ ಅಂತ ಹಿಂದ ಸರಿಯೋರು ನಮ್ಮ ಕಡೆ ಭಾಳ ಮಂದಿ ಅದಾರ, ಅಂಥವರಿಗೆ ಕಣ್ಣಿಲೆ ಕಿವಿಲೆ ಕೆಲಸ ಮಾಡೋ ಪಿಚ್ಚರ್ ಹುಡುಕಿ ಕೊಡಬೇಕು.

ಈಗ ನನಗ ಭಾಳ ಮನಸ್ಸಿಗೆ ಹತ್ತೋ ವಿಷಯ. ಇಂಥಾ ಪಿಚ್ಚರ್ ಹೇಳುವಾಗ "ಭಾಳ ಡಬ್ಬಾ ಐತಿ, ನಕ್ಕೋತ ನೋಡು" ಅಂತ ಹೇಳಬ್ಯಾಡ್ರಿ. ಹಂಗ ಹೇಳಿದ್ರ ಅಂವ ಮೊದಲ ಸೀನಿಂದನ ನಗಲಾಕ ರೆಡಿ ಆಗಿ ಕುಂತಿರ್ತಾನ, ಆ ಪಿಚ್ಚರಿನ್ಯಾಗ ಇರೋ ಛಲೋದು ಅವನ ಕಣ್ಣಿಗೆ ಬೀಳೂದೇ ಇಲ್ಲ. ಎಡ್ ವುಡ್ ಮಾಡಿದ ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್ ಪಿಚ್ಚರಿಗೆ ಜಗತ್ತಿನಾಗ ಎಲ್ಲಾರಕಿಂತ ಕೆಟ್ಟ ಪಿಚ್ಚರ್ ಅಂತ ಹೆಸರಿಟ್ಟಾರ. ಅದ್ರಾಗ ಇರೋ ಬೆಲಾ ಲುಗೋಸಿ 1956ರಾಗ ತೀರ್ಕೊಂಡ, ಅವನ ಮ್ಯಾಲ ತಗದಿದ್ದ ನಾಕ ಶಾಟ್ ಅಷ್ಟ ಇದ್ವು, ಉಳದದ್ದಕ್ಕ ಬ್ಯಾರೆ ಮನಷ್ಯಾನ್ನ ನಿಲ್ಲಿಸಿ ಕರೀ ಬಟ್ಟಿಲೆ ಮಾರಿ ಮುಚ್ಚಿಸಿ ಪಿಚ್ಚರ್ ಮುಗಿಸಿದ ಎಡ್ ವುಡ್. ಒಂದ ಕಾಲಕ್ಕ ಡ್ರಾಕುಲಾ ಅಂದ್ರ ಇವನ ಅಂತಿದ್ದ ನಟಗ ಕಡೀ ಕಾಲದಾಗ ಕೆಲಸ ಕೊಟ್ಟಂವ ಇಂವನ. ಇಷ್ಟ ಹೇಳಿ ತೋರಸ್ರಿ, ಆಮ್ಯಾಲ ನಕ್ರೂ ಆ ನಗಿ ಬ್ಯಾರೆ ಇರತೈತಿ.

ರೊಕ್ಕ ಇಲ್ದಾಗ ಏನ ತಲಿ ಓಡಿಸಿದ್ರು ಅನ್ನೂದ ಹೇಳಿದ್ರ ನಮ್ಮ ಮಂದಿಗೆ ಲಗೂ ಹತ್ತತೈತಿ. 1942ರ ಕ್ಯಾಟ್ ಪೀಪಲ್ ಪಿಚ್ಚರಿನ್ಯಾಗ ಈಜೂ ಕೊಳದ ಸೀನ್ ಐತಿ, ನೀರಿನ್ಯಾಗ ಒಬ್ಬಾಕಿ, ಗ್ವಾಡಿ ಮ್ಯಾಲ ನೀರಿನ ನೆರಳು, ಗುರ್ ಅನ್ನೋ ಸಪ್ಪಳ, ಇಷ್ಟ. ಡೈರೆಕ್ಟರ್ ರೋಜರ್ ಕಾರ್ಮನ್ 1960ರಾಗ ದಿ ಲಿಟಲ್ ಶಾಪ್ ಆಫ್ ಹಾರರ್ಸ್ ಪಿಚ್ಚರಿನ ಸೆಟ್ಟಿನ್ಯಾಗಿನ ಶೂಟಿಂಗ್ ಎರಡ ದಿನದಾಗ ಮುಗಿಸಿದ, ಅದ್ರಾಗ ಹಲ್ಲಿನ ಡಾಕ್ಟರ್ ಕಡೆ ಬರೋ ಪೇಷಂಟ್ ಜಾಕ್ ನಿಕೊಲ್ಸನ್, ಆಗಿನ್ನೂ ಅವನ ಹೆಸರ ಯಾರಿಗೂ ಗೊತ್ತಿದ್ದಿಲ್ಲ.

ಹಿಂದಿ ದೆವ್ವದ ಪಿಚ್ಚರ್ ಮಾಡಿದ ರಾಮ್ಸೆ ಅಣ್ತಮ್ಮಂದ್ರ ಮಾತ ಬರದ ನಮ್ಮ ಕಡೆ ಈ ಹರಟಿ ಮುಗ್ಯಂಗಿಲ್ಲ. ಏಳ ಮಂದಿ ಅಣ್ತಮ್ಮಂದ್ರು, ತುಳಸಿ, ಶ್ಯಾಮ್ ಡೈರೆಕ್ಷನ್, ಗಂಗು ಕ್ಯಾಮೆರಾ, ಕಿರಣ್ ಸೌಂಡ್, ಕುಮಾರ್ ಕಥಿ, ಅರ್ಜುನ್ ಎಡಿಟಿಂಗ್, ಹಿಂಗ ಮನ್ಯಾಗ ಕೆಲಸ ಹಂಚ್ಕೊಂಡ ಮಾಡಿದವ್ರು. 1972ರ ದೋ ಗಜ್ ಜಮೀನ್ ಕೆ ನೀಚೆ ಪಿಚ್ಚರಿಗೆ ಇಡೀ ಮನಿ ಮಂದಿ ಮಹಾಬಳೇಶ್ವರಕ್ಕ ಹೋಗಿ ಗೆಸ್ಟ್ ಹೌಸಿನ್ಯಾಗ ಇದ್ದ ಶೂಟಿಂಗ್ ಮಾಡಿದ್ರು. ಸಣ್ಣ ಊರಿನ ಟಾಕೀಜೇ ಇವ್ರ ಪಿಚ್ಚರಿಗೆ ಬಲ, ಆಮ್ಯಾಲ 1993ರಿಂದ ಝೀ ಹಾರರ್ ಶೋ ಬಂದ ಮನಿ ಮನಿ ಒಳಗ ಹೊಕ್ಕರು. 1984ರ ಪುರಾನಾ ಮಂದಿರ್ ಹೆಸರ ಎಲ್ಲಾರಿಗೂ ಗೊತ್ತೈತಿ, ಅದನ್ನ ರೆಕಮಂಡ್ ಮಾಡೂದ ಬ್ಯಾಡ. 1990ರ ಬಂದ್ ದರ್ವಾಜಾ ಹೇಳ್ರಿ. ಪುರಾನಾ ಮಂದಿರ್‌ನಾಗ ಸಾಮ್ರಿ ಅನ್ನೋ ರಾಕ್ಷಸನ ಪಾತ್ರ ಮಾಡಿದ್ದ ಅನಿರುದ್ಧ ಅಗರ್ವಾಲ್‌ನ ಇದ್ರಾಗೂ ಅದಾನ, ನೇವ್ಲಾ ಅನ್ನೋ ರಕ್ತ ಹೀರೋ ಪಿಶಾಚಿ ಆಗಿ, ಆ ಎತ್ತರ, ಆ ಉದ್ದ ಮಾರಿ, ಅವಗ ಮೇಕಪ್ಪೇ ಬೇಕಿಲ್ಲ. ಹಾಡ ಬರ್ತಾವ, ಉದ್ದ ಐತಿ, ಕಾಮಿಡಿ ನಡುವ ತುರುಕ್ಯಾರ, ಇದನ್ನ ಮೊದಲ ಹೇಳಿಬಿಡ್ರಿ. ಖೋಡಿ ಏನೈತಿ ಅಂತ ಮೊದಲ ಗೊತ್ತಾದಂವ ತಡ್ಕೊಂಡ ನೋಡ್ತಾನ, ಮುಚ್ಚಿಟ್ರ ನಿಮ್ಮ ಮುಂದಿನ ಮಾತ ನಂಬೂದಿಲ್ಲ.

ಇನ್ನ ಪ್ರಿಂಟ್, ಅಂದ್ರ ನೀವ ಕೊಡೋ ಕಾಪಿ ಹೆಂಗೈತಿ ಅನ್ನೂದು. ಇದಕ್ಕ ಯಾರೂ ಲಕ್ಷ ಕೊಡಂಗಿಲ್ಲ, ಅರ್ಧ ಪಿಚ್ಚರ್ ಹಾಳಾಗೂದ ಇದ್ರಾಗನ. 1968ರ ನೈಟ್ ಆಫ್ ದಿ ಲಿವಿಂಗ್ ಡೆಡ್ ಪಿಚ್ಚರಿಗೆ ಮೊದಲ ಬ್ಯಾರೆ ಹೆಸರಿತ್ತು, ಡಿಸ್ಟ್ರಿಬ್ಯೂಟರ್ ಹೆಸರ ಬದಲ ಮಾಡುವಾಗ ಹೊಸಾ ಟೈಟಲ್ ಕಾರ್ಡಿನ ಮ್ಯಾಲ ಕಾಪಿರೈಟ್ ಗುರ್ತ ಹಾಕೂದ ಬಿಟ್ಟರು, ಆಗಿನ ಅಮೆರಿಕಾ ಕಾಯ್ದೆ ಪ್ರಕಾರ ಹಕ್ಕ ಹೋತು. ಡೈರೆಕ್ಟರ್ ಜಾರ್ಜ್ ರೊಮೆರೊ ಟೀಮಿಗೆ ಲುಕ್ಸಾನ ಆತು, ಪಿಚ್ಚರ್ ಮಾತ್ರ ಎಲ್ಲಾ ಕಡೆ ಹಬ್ಬಿತು. ಹಿಂಗ ಪಬ್ಲಿಕ್ ಡೊಮೇನ್ ಆದ ಪಿಚ್ಚರಿಗೆ ಯಾರ ಬೇಕಾದವ್ರು ಕಾಪಿ ಮ್ಯಾಲ ಕಾಪಿ ಮಾಡಿ ಹಾಕಿರ್ತಾರ, ಮಸಕ, ಎರಡೂ ಬದಿ ಕತ್ತರಿಸಿದ್ದು, ಸೌಂಡ್ ಒಡದದ್ದು. ಲಿಂಕ್ ಕಳಸೂಕಿಂತ ಮೊದಲ ನೀವ ಓಪನ್ ಮಾಡಿ ಕತ್ತಲಿ ಸೀನ್ ಒಂದ ನೋಡ್ರಿ, ಮಾರಿ ಕಾಣಸ್ತದಿಲ್ಲೋ ಅಂತ. ಮೆಸಾಯಾ ಆಫ್ ಇವಿಲ್ ಹಳೇ ಪ್ರಿಂಟಿನ್ಯಾಗ ಆ ಟಾಕೀಜ್ ಸೀನಿನ ಬಣ್ಣನ ಹೋಗಿರತೈತಿ, ಈಗ ರಿಸ್ಟೋರ್ ಮಾಡಿದ್ದ ಬಂದೈತಿ, ಅದನ್ನ ಕೊಡ್ರಿ. ಫೋನಿನ್ಯಾಗ ನೋಡೋರಿಗೆ ಇಯರ್‌ಫೋನ್ ಹಾಕ್ಕೋ, ಲೈಟ್ ಆರಸು, ಇಷ್ಟರ ಹೇಳ್ರಿ.

ರಕ್ತ, ಹೆಣ್ಮಕ್ಕಳ ಮ್ಯಾಲ ಅತ್ಯಾಚಾರದ ಸೀನ್ ಇದ್ರ ಮೊದಲ ತಿಳಸೂದು. 1981ರ ಇವಿಲ್ ಡೆಡ್ ಪಿಚ್ಚರಿನ ಅಡವಿ ಸೀನ್ ಎಲ್ಲಾರಿಗೂ ಸಹಿಸ್ಕೊಳ್ಳಾಕ ಆಗಂಗಿಲ್ಲ. ಮನ್ಯಾಗ ಹೊಸದಾಗಿ ಸಾವಾದವರಿಗೆ ಸತ್ತವರು ತಿರುಗಿ ಬರೋ ಕಥಿ ಕೊಡಲೇಬ್ಯಾಡ್ರಿ.

ನಾಕೈದ ಮಂದಿ ಕೂಡಿ ನೋಡೂದಿದ್ರ 1972ರ ಹಾರರ್ ಎಕ್ಸ್‌ಪ್ರೆಸ್ ಬಿಟ್ಟ ಬ್ಯಾರೆ ಹುಡುಕಬ್ಯಾಡ್ರಿ. ಸೈಬೀರಿಯಾದಾಗ ಹೊಂಟ ರೈಲು, ಪೆಟ್ಟಿಗ್ಯಾಗ ಲಕ್ಷಾಂತರ ವರ್ಷದ ಹಿಂದಿನ ಹೆಣ, ಹಾರರ್ ಪಿಚ್ಚರಿಗೆ ಹೆಸರಾದ ನಟರು ಕ್ರಿಸ್ಟೋಫರ್ ಲೀ, ಪೀಟರ್ ಕುಶಿಂಗ್ ಇಬ್ಬರೂ ಅದಾರ. ಸತ್ತವರ ತಲಿ ಕೊಯ್ದ ನೋಡಿದ್ರ ಮಿದುಳ ಮ್ಯಾಲ ಒಂದ ಗೆರಿ ಇಲ್ಲ, ನುಣ್ಣಗ ಆಗಿರತೈತಿ, ನೆನಪ ಎಲ್ಲಾ ಯಾರೋ ಹೀರ್ಯಾರ. ಕುಶಿಂಗ್ ಆಗಷ್ಟ ಹೆಂಡ್ತಿ ಕಳ್ಕೊಂಡಿದ್ದ, ಪಿಚ್ಚರ್ ಬಿಟ್ಟ ಹೋಗ್ತೀನಿ ಅಂದಂವನ್ನ ಲೀ ಜೋಡಿ ಇದ್ದ ಸಮಾಧಾನ ಮಾಡಿ ನಿಲ್ಲಿಸಿದ. ಗಿರಮಿಟ್ಟು, ಮಿರ್ಚಿ, ಚಾ ಮೊದಲ ಮುಗಿಸ್ರಿ, ಮಿದುಳಿನ ಸೀನ್ ಬಂದಾಗ ಯಾರೂ ತಿನ್ನಂಗಿಲ್ಲ.

ನಾ ಎಲ್ಲಾ ನೋಡೀನಿ ಅನ್ನಾವಗ ಜಪಾನದ ಹೌಸ್, 1977ರದ್ದು. ಡೈರೆಕ್ಟರ್ ಒಬಯಾಶಿ ತನ್ನ ಸಣ್ಣ ಮಗಳನ್ನ ನಿನಗ ಯಾವ್ದಕ್ಕ ಅಂಜಿಕಿ ಅಂತ ಕೇಳಿ ಆಕಿ ಹೇಳಿದ್ದನ್ನ ಪಿಚ್ಚರಿನ್ಯಾಗ ಹಾಕ್ಯಾನ. ಪಿಯಾನೊ ಒಬ್ಬಾಕಿನ್ನ ತಿಂತೈತಿ ಅಂತ ಅಷ್ಟ ಹೇಳಿ ಬಿಡ್ರಿ.

ನೋಡಿದ ಮ್ಯಾಲ ಹೆಂಗಿತ್ತು ಅಂತ ಕೇಳಬ್ಯಾಡ್ರಿ, ಛಲೋ ಇತ್ತು ಅಂತ ಹೇಳಿ ಮುಗಸ್ತಾರ. ಯಾವ ಸೀನ್ ನೆನಪ ಉಳೀತು ಅಂತ ಕೇಳ್ರಿ, ಮುಂದಿಂದ ಯಾವ್ದು ಕೊಡಬೇಕು ಅನ್ನೂದ ಅದ್ರಾಗನ ಸಿಗತೈತಿ.

ಮನ್ಯಾಗಿನ ದೊಡ್ಡವರಿಗೆ, ಕಾಕಾ ಮಾಮಾಗೋಳಿಗೆ ಹೇಳೂದಿದ್ರ ನಾ ಜೋಡಿ ಕೊಡ್ತೀನಿ. 1979ರ ನಾ ನಿನ್ನ ಬಿಡಲಾರೆ, ಅನಂತನಾಗ್, ಲಕ್ಷ್ಮಿ, ರಾಜನ್-ನಾಗೇಂದ್ರ ಸಂಗೀತ, ಇದನ್ನ ಅವ್ರು ಟಾಕೀಜಿನ್ಯಾಗ ನೋಡಿರ್ತಾರ, ಮತ್ತ ನೋಡ್ಲಾಕ ಖುಷಿಲೆ ಕುಂಡ್ರತಾರ. ಅದರ ಬೆನ್ನಿಗೆ 1980ರ ಹಿಂದಿ ಪಿಚ್ಚರ್ ಗೆಹರಾಯಿ, ಇದ್ರಾಗೂ ಅನಂತನಾಗ್, ಜೋಡಿ ಶ್ರೀರಾಮ ಲಾಗೂ, ಪದ್ಮಿನಿ ಕೊಲ್ಹಾಪುರೆ, ಕಥಿ ನಡ್ಯೂದ ಬೆಂಗಳೂರಾಗ. ಅಪ್ಪ ಊರಾಗಿನ ಭೂಮಿ ಸಾಬೂನ ಫ್ಯಾಕ್ಟರಿಗೆ ಮಾರ್ತಾನ, ಮಗಳಿಗೆ ಮೈ ಮ್ಯಾಲ ಬರತೈತಿ, ಹೊಲ ಹೋದ ನೋವ ಕಂಡ ನಮ್ಮ ಮಂದಿಗೆ ಈ ಕಥಿ ಎಲ್ಲಿ ಚುಚ್ಚತೈತಿ ಅಂತ ನಾ ಹೇಳೂದ ಬ್ಯಾಡ. ಶನಿವಾರ ಕನ್ನಡದ್ದು, ಆಯ್ತವಾರ ಹಗಲ ಹೊತ್ತಿನ್ಯಾಗ ಗೆಹರಾಯಿ ಹಚ್ರಿ, ಉಲ್ಟಾ ಮಾಡಬ್ಯಾಡ್ರಿ, ಗೆಹರಾಯಿ ಮುಗದ ಮ್ಯಾಲೂ ಸಮಾಧಾನ ಕೊಡಂಗಿಲ್ಲ, ಅದರ ಹಿಂದ ಯಾವ ಪಿಚ್ಚರ್ ಹಚ್ಚಿದ್ರೂ ಸಪ್ಪ ಅನಸ್ತೈತಿ.