ಯೆಹೆಜ್ಕೇಲ 38ರಿಂದ 27ಕ್ಕೆ ಬಂದ ಕಥೆ

2022ರ ಮಾರ್ಚ್ ಮೊದಲ ವಾರ. ಹುಬ್ಬಳ್ಳಿಯಲ್ಲಿ ನಾವು ಬೈಬಲ್ ಓದಲು ಸೇರುವ ಮನೆಕೂಟದ ಗೋಡೆಗೆ ಒಂದು ಡ್ರಾಯಿಂಗ್ ಶೀಟ್ ಅಂಟಿಸಿದ್ದೆ. ಮಾಸ್ಕೋದಿಂದ ಯೆರೂಸಲೇಮಿಗೆ ಕೆಂಪು ಸ್ಕೆಚ್ ಪೆನ್ನಿನ ಬಾಣ. ಮೇಲೆ ದಪ್ಪಕ್ಷರದಲ್ಲಿ 'ಯೆಹೆಜ್ಕೇಲ 38'. ಗೋಗ ಅನ್ನೋ ಪ್ರಭು ಉತ್ತರದಿಂದ ಇಸ್ರಾಯೇಲಿನ ಮೇಲೆ ದಂಡೆತ್ತಿ ಬರುತ್ತಾನೆ ಅನ್ನೋ ಬೈಬಲ್ ಅಧ್ಯಾಯ ಅದು. ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನಿಗೆ ನುಗ್ಗಿತ್ತು. ಮಾರ್ಚ್ 1ಕ್ಕೆ ಖಾರ್ಕಿವ್‌ನಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಮೆಡಿಕಲ್ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾಗಿದ್ದ. ತಿನ್ನೋ ಸಾಮಾನು ತರೋಕೆ ಹೊರಗೆ ಹೋಗಿದ್ದ ಹುಡುಗ. ಎಲ್ಲರ ಮನಸ್ಸೂ ಕದಡಿಹೋಗಿತ್ತು.

ಗೋಗನೇ ರಷ್ಯಾ, ಇದೇ ಅಂತ್ಯಕಾಲ ಅಂತ ಒಂದು ತಾಸು ಹೇಳಿದೆ. ಮುಗಿದ ಮೇಲೆ ಮಿರ್ಚಿ ಅಂಗಡಿ ಇಟ್ಟುಕೊಂಡಿರುವ ಒಬ್ಬ ತಾಯಿ ಕೇಳಿದರು: "ಎಣ್ಣಿ ರೇಟು ದಿನಾ ಏರಾಕತ್ತೈತ್ರಿ. ಅದರ ಬಗ್ಗೆ ಬೈಬಲ್‌ದಾಗ ಏನರ ಐತೇನ್ರಿ?" ಅದು ಬೇರೆ ವಿಷಯ ಅಂದುಬಿಟ್ಟೆ. ಆ ಉತ್ತರ ತಪ್ಪು ಅಂತ ಮನೆಗೆ ಬರುವಷ್ಟರಲ್ಲೇ ಅನಿಸಿತ್ತು. ಭಾರತಕ್ಕೆ ಬರುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನಿನದೇ ಆಗಿತ್ತು. ಯುದ್ಧ ಅವರ ಬಾಣಲೆಗೇ ಬಂದಿತ್ತು.

ಅಂದಿನಿಂದ ಮತ್ತೆ ಮೊದಲಿನಿಂದ ಓದಲು ಕೂತೆ. ಮೊದಲು ಗೋಗನ ಜೊತೆ ಬರುವ ರೋಷ್, ಮೆಷೆಕ್, ತೂಬಲ್ ಅನ್ನೋ ಹೆಸರುಗಳನ್ನು ಹುಡುಕಿದೆ. ನಾನು ರಷ್ಯಾ ಅಂದುಕೊಂಡಿದ್ದ 'ರೋಷ್' ಹೀಬ್ರೂವಿನಲ್ಲಿ 'ತಲೆ' ಅನ್ನೋ ಮಾತು. ಯೆಹೂದ್ಯರ ಹೊಸ ವರ್ಷ ರೋಷ್ ಹಶಾನಾ ಅಂದರೆ ವರ್ಷದ ತಲೆ, ಅಷ್ಟೇ. ಕೆಲವು ಅನುವಾದಗಳು ಅದನ್ನು ಜನಾಂಗದ ಹೆಸರಾಗಿ ಇಟ್ಟಿವೆ, ಕೆಲವು 'ಮುಖ್ಯ ಪ್ರಭು' ಅಂದಿವೆ. 'ರುಸ್' ಅನ್ನೋ ಹೆಸರು ಕೇಳಿಬರುವುದು ಕ್ರಿಸ್ತಶಕ 9ನೇ ಶತಮಾನದಲ್ಲಿ. ಯೆಹೆಜ್ಕೇಲ ಇದ್ದದ್ದು ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ. ಮೆಷೆಕ್, ತೂಬಲ್ ಇದ್ದದ್ದು ಈಗಿನ ಟರ್ಕಿಯ ಕಡೆ. ಅಸ್ಸೀರಿಯಾದ ಶಾಸನಗಳಲ್ಲೂ ಆ ಜನರ ಹೆಸರಿದೆ. ನನ್ನ ಬಾಣ ಹೊರಟ ಜಾಗವೇ ನಿಲ್ಲಲಿಲ್ಲ.

ಆಮೇಲೆ ಬ್ಯಾಂಕಿನ ವಿಷಯ. ಆ ಮಾರ್ಚ್‌ನಲ್ಲೇ ಯೂರೋಪ್ ಒಕ್ಕೂಟ ರಷ್ಯಾದ 7 ಬ್ಯಾಂಕುಗಳನ್ನು, ದೇಶದಿಂದ ದೇಶಕ್ಕೆ ಹಣ ಕಳಿಸಲು ಬ್ಯಾಂಕುಗಳು ಬಳಸುವ ಸ್ವಿಫ್ಟ್ ಜಾಲದಿಂದ ಹೊರಗಿಟ್ಟಿತು. ವೀಸಾ, ಮಾಸ್ಟರ್‌ಕಾರ್ಡ್ ಅಲ್ಲಿ ಕೆಲಸ ನಿಲ್ಲಿಸಿದವು. 'ಮುದ್ರೆ ಇಲ್ಲದವನು ಕೊಳ್ಳುವುದೂ ಮಾರುವುದೂ ಆಗದು, ಪ್ರಕಟನೆ 13 ನೆರವೇರಿತು' ಅನ್ನೋ ವಾಟ್ಸಾಪ್ ಸಂದೇಶವನ್ನು ನಾನೂ ಹತ್ತು ಜನಕ್ಕೆ ಕಳಿಸಿದ್ದೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಆ ಅಧ್ಯಾಯ ಪೂರ್ತಿ ಓದಿದಾಗ ಲೆಕ್ಕ ತಿರುಗಿತು. ಅಲ್ಲಿ ವ್ಯಾಪಾರದಿಂದ ಹೊರಬೀಳುವವನು, ದೇವರಿಗೆ ಎದುರುನಿಂತ ಮೃಗದ ಮುದ್ರೆ ಹಾಕಿಸಿಕೊಳ್ಳದ, ಅದಕ್ಕೆ ಅಡ್ಡಬೀಳದ ಭಕ್ತ. ಇಲ್ಲಿ ಹೊರಬಿದ್ದದ್ದು ದಾಳಿ ಮಾಡಿದ ದೇಶದ ಬ್ಯಾಂಕು. ಎರಡನ್ನೂ ಒಂದೇ ಅನ್ನೋದು ವಚನಕ್ಕೆ ಮಾಡುವ ಅನ್ಯಾಯ, ಅಲ್ವಾ? ಆ ಹತ್ತೂ ಜನಕ್ಕೆ ಫೋನ್ ಮಾಡಿ, ತಪ್ಪಾಗಿ ಕಳಿಸಿದ್ದೆ ಅಂತ ಹೇಳಿದೆ.

ಹಾಗಾದರೆ ಎಣ್ಣೆಯ ಪ್ರಶ್ನೆ? ಅದು ಪ್ರಕಟನೆ 6ರಲ್ಲಿ ಇತ್ತು. ಕಪ್ಪು ಕುದುರೆಯ ಸವಾರನ ಕೈಯಲ್ಲಿ ತಕ್ಕಡಿ. ಒಂದು ದಿನದ ಕೂಲಿಗೆ ಒಂದು ಸೇರಿನಷ್ಟು ಗೋಧಿ, ಅದೇ ಕೂಲಿಗೆ ಅದರ ಮೂರರಷ್ಟು ಜವೆಗೋಧಿ. ಒಬ್ಬನ ಒಂದು ದಿನದ ಹೊಟ್ಟೆಗೆ ಸಾಕಾಗುವಷ್ಟು ಗೋಧಿ ಅದು. ಹೆಂಡತಿ ಮಕ್ಕಳಿಗೆ ಏನೂ ಉಳಿಯುವುದಿಲ್ಲ. ಪ್ರಕಟನೆ ಬರೆದ ಯೋಹಾನ ಯುದ್ಧದ ಕುದುರೆಯ ಹಿಂದೆಯೇ ಬೆಲೆಯ ಕುದುರೆಯನ್ನು ತಂದು ನಿಲ್ಲಿಸಿದ್ದಾನೆ. ಇಷ್ಟು ವರ್ಷ ಓದಿದರೂ ನಾನು ಆ ತಕ್ಕಡಿ ಮೇಲೆ ಕಣ್ಣೇ ಹಾಯಿಸಿರಲಿಲ್ಲ. ಮುಂದಿನ ಬುಧವಾರ ಶೀಟ್ ತೆಗೆದುಹಾಕಿ, ಆ ತಾಯಿಗೇ ಆ ವಚನ ಜೋರಾಗಿ ಓದಲು ಕೊಟ್ಟೆ. ಅವರು ಎರಡು ಸಲ ಓದಿದರು.

ಈಗ ನನ್ನ ಬಳಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಎಡಕ್ಕೆ ಸುದ್ದಿ, ತಾರೀಖು. ಬಲಕ್ಕೆ ಅಧ್ಯಾಯ, ಪೂರ್ತಿ ಓದಿದ ಮೇಲೆ ಮಾತ್ರ. ತಾರೀಖು ಬರೆಯುವುದನ್ನು ಯೆಹೆಜ್ಕೇಲನಿಂದಲೇ ಕಲಿತೆ. 26ನೇ ಅಧ್ಯಾಯದಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಕಡಲತೀರದ ತೂರ್ ಪಟ್ಟಣವನ್ನು ಸೂರೆ ಮಾಡುತ್ತಾನೆ ಅಂತ ಹೇಳಿದ. 16 ವರ್ಷ ಆದಮೇಲೆ, 29ರಲ್ಲಿ, ಸೈನಿಕರ ತಲೆ ಬೋಳಾಗಿ ಹೆಗಲು ಸುಲಿದರೂ ತೂರ್‌ನಿಂದ ಅವನಿಗೆ ಕೂಲಿ ಸಿಗಲಿಲ್ಲ ಅಂತ ತಾನೇ ಬರೆದ, ತಾರೀಖು ಹಾಕಿ. ಅದನ್ನು ಮುಚ್ಚಿಡಲಿಲ್ಲ. ಅಂತ್ಯಕಾಲದ ಬಗ್ಗೆ ಬೋಧಿಸುವ ನಾವು ಹಳೇ ಮಾತುಗಳನ್ನು ಹೀಗೆ ತಿರುಗಿ ನೋಡುವುದು ತೀರಾ ಕಡಿಮೆ. ನನಗೆ ಇದರ ಬಗ್ಗೆ ನಿಜವಾಗಿಯೂ ಸಂಕಟವಿದೆ. 1991ರ ತನಕ ಗೋಗ ಅಂದರೆ ಸೋವಿಯತ್ ಒಕ್ಕೂಟ ಅಂತಿದ್ದರು. ಅದು ಒಡೆದುಹೋಯಿತು. ಎಷ್ಟು ಜನ ಎದ್ದು ನಿಂತು ತಪ್ಪಾಯಿತು ಅಂದರು?

ಯುದ್ಧದ ಪಾಪವನ್ನು ಪ್ರವಾದಿಗಳು ಪಾಪ ಅಂತಲೇ ಕರೆದಿದ್ದಾರೆ. ಅಮ್ಮೋನಿಯರು ಗಡಿ ವಿಸ್ತರಿಸಲು ಗಿಲ್ಯಾದಿನ ಗರ್ಭಿಣಿಯರ ಹೊಟ್ಟೆ ಸೀಳಿದರು ಅಂತ ಆಮೋಸ 1ರಲ್ಲಿದೆ. ಉಕ್ರೇನಿನ ಸುದ್ದಿ ಬಂದಾಗ ಈಗ ಅದನ್ನೇ ತೆಗೆಯುತ್ತೇನೆ. ಆದರೆ 2ನೇ ಅಧ್ಯಾಯವನ್ನೂ ಬಿಡದೆ ಓದುತ್ತೇವೆ. ಅಲ್ಲಿ ಪ್ರವಾದಿ ಯೆಹೂದ, ಇಸ್ರಾಯೇಲರ ಕಡೆಗೂ ಬೆರಳು ತಿರುಗಿಸುತ್ತಾನೆ, ಇಸ್ರಾಯೇಲರು ಬಡವನನ್ನು ಒಂದು ಜೊತೆ ಕೆರಕ್ಕೆ ಮಾರಿದರು ಅಂತ.

ಯುದ್ಧದ ನಡುವೆಯೂ ಉಕ್ರೇನಿನ ಧಾನ್ಯ ಹಡಗಿನಲ್ಲಿ ಹೊರಹೋಗಲು ಬಿಟ್ಟಿದ್ದ ಕಪ್ಪು ಸಮುದ್ರದ ಧಾನ್ಯ ಒಪ್ಪಂದ 2023ರ ಜುಲೈ 17ಕ್ಕೆ ಮುರಿದುಬಿತ್ತು. ಮರುದಿನವೇ ಉಕ್ರೇನಿನ ಒಡೆಸಾ ಬಂದರಿನ ಮೇಲೆ ದಾಳಿ. ಆ ವಾರ ಯೆಹೆಜ್ಕೇಲ 27 ಓದಿದೆವು. ತೂರ್‌ನ ಸಂತೆಯ ಪಟ್ಟಿ ಅದು: ಗೋಧಿ, ಜೇನು, ಎಣ್ಣೆ, ಕಂಚಿನ ಪಾತ್ರೆ, ಕೊನೆಗೆ ಮನುಷ್ಯರು ಕೂಡ. ಮೆಷೆಕ್, ತೂಬಲ್ ಅಲ್ಲಿ ಬರೀ ವ್ಯಾಪಾರಿಗಳು. ತೂರ್ ಅನ್ನೋ ಹಡಗು ಮುಳುಗಿದಾಗ ಹುಟ್ಟುಹಾಕುವವರೆಲ್ಲ ದಡಕ್ಕಿಳಿದು, ತಲೆಗೆ ಧೂಳು ಸುರಿದುಕೊಂಡು ಅಳುತ್ತಾರೆ. ಅಲ್ಲಿಗೆ ಓದು ನಿಲ್ಲಿಸಿ ಒಡೆಸಾದ ಹಡಗಿನವರಿಗೋಸ್ಕರ ಪ್ರಾರ್ಥನೆ ಮಾಡಿದೆವು.