ತೇಪೆ ಬಿದ್ದ ಮಿಲಿಟರಿ ಕೋಟನ್ನೇ ನಾನು ಹುಡುಕುವುದು

ಹೋದ ಆಷಾಢದಲ್ಲಿ ಒಂದು ಹಳೆ ಕೋಟಿನ ತೇಪೆ ಹಾಕಿದ ಜೇಬು ಬಿಚ್ಚಿದೆ. ಅದರೊಳಗೆ ಇನ್ನೊಂದು ಜೇಬು ಇತ್ತು. ಆ ಒಳಜೇಬಿನ ಬಿಳಿ ಬಟ್ಟೆ ಮೇಲೆ ಕಪ್ಪು ಶಾಯಿಯ ಬಾಣ, ಬಾಣದ ಕೆಳಗೆ ಇಂಗ್ಲಿಷಿನ ಐ ಅಕ್ಷರ, ಪಕ್ಕದಲ್ಲಿ 1943. ಅಂಗಡಿಯ ಶಟರ್ ಅರ್ಧ ಎಳೆದು, ಹತ್ತು ನಿಮಿಷ ಸುಮ್ನೆ ಅದನ್ನೇ ನೋಡುತ್ತಾ ಕೂತೆ. ತೇಪೆಯ ಅಡಿಯಲ್ಲಿ ಹಳೆ ಗುರುತು ಉಳಿದಿರುತ್ತದೆ ಎಂದು ನಾಲ್ಕು ವರ್ಷದಿಂದ ಹೇಳುತ್ತಾ ಬಂದಿದ್ದೆ. ಯಾರೂ ನಂಬಿರಲಿಲ್ಲ.

ನಾನು ಶಿವಮೊಗ್ಗದಲ್ಲಿ ಟೈಲರ್. ಅಪ್ಪನೂ ಟೈಲರ್ ಆಗಿದ್ದರು. ಬಾಣದ ಗುರುತು ಅಂದರೆ ಬ್ರಿಟಿಷ್ ಸರ್ಕಾರದ ಮಾಲು, ಕೆಳಗೆ ಐ ಇದ್ದರೆ ಇಂಡಿಯಾದಲ್ಲಿ ತಯಾರಾದದ್ದು ಅನ್ನುವುದು ಹಳೆ ಮಿಲಿಟರಿ ಬಟ್ಟೆ ಕೂಡಿಡುವ ಹುಚ್ಚು ಇರುವವರಿಗೆಲ್ಲ ಗೊತ್ತು. ಅದನ್ನು ಮತ್ತೆ ವಿವರಿಸುವುದಿಲ್ಲ. ನಾನು ಹೇಳಬೇಕಾದದ್ದು ತೇಪೆಯ ವಿಷಯ.

ಹಳೆ ಮಿಲಿಟರಿ ಬಟ್ಟೆ ಹುಡುಕುವವರು ತೇಪೆ ಕಂಡ ಕೂಡಲೇ ಪಕ್ಕಕ್ಕೆ ಎಸೆಯುತ್ತಾರೆ. ನಾನು ಅವರು ಎಸೆದದ್ದನ್ನೇ ಎತ್ತಿಕೊಳ್ಳುತ್ತೇನೆ. ಹರಿದ ಜೇಬು ತಂದರೆ ನಮ್ಮ ಕಡೆ ಟೈಲರ್ ಹಳೆ ಜೇಬನ್ನು ಬಿಚ್ಚಿ ತೆಗೆಯುವುದು ಕಡಿಮೆ. ಆ ಕೆಲಸಕ್ಕೆ ಕಾಸು ಹುಟ್ಟುವುದಿಲ್ಲ. ಹಳೆಯದರ ಮೇಲೇ ಹೊಸ ಬಟ್ಟೆ ಇಟ್ಟು ಸುತ್ತ ಹೊಲಿಗೆ ಹಾಕಿ ಕೊಡುತ್ತಾನೆ. ಅಪ್ಪ ಹಾಗೇ ಮಾಡುತ್ತಿದ್ದರು, ನಾನೂ ಹಾಗೇ ಮಾಡುತ್ತೇನೆ. ಅಂದರೆ ತೇಪೆಯ ಅಡಿಯ ಬಟ್ಟೆಗೆ ಬಿಸಿಲು ತಾಗಿಲ್ಲ, ಬ್ರಷ್ಷು ಉಜ್ಜಿಲ್ಲ. ಬಣ್ಣ, ಶಾಯಿ, ಲೇಬಲ್ ಏನಿತ್ತೋ ಅದರಲ್ಲಿ ಸುಮಾರಷ್ಟು ಅಲ್ಲೇ ಉಳಿದಿರುತ್ತದೆ.

ಇದು ಹೊಳೆದದ್ದು ಒಂದು ನಷ್ಟದಿಂದ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಹಳೆ ಬಟ್ಟೆಯ ರಾಶಿಯಿಂದ ಒಂದು ಹಸಿರು ಅಂಗಿ ಎತ್ತಿದ್ದೆ. ಎಂಬತ್ತು ರೂಪಾಯಿ ಇರಬೇಕು. ಮನೆಗೆ ಬಂದು ತೋಳಿನಿಂದ ಒಂದು ಎಳೆ ದಾರ ಕಿತ್ತು ಸುಟ್ಟೆ. ಕರಗಿ ಮಣಿಯಾಯಿತು. ಪಾಲಿಯೆಸ್ಟರ್! ಎರಡನೇ ಮಹಾಯುದ್ಧದ ಬಟ್ಟೆಗೆ ಪಾಲಿಯೆಸ್ಟರ್ ದಾರ ಬರಲು ಸಾಧ್ಯವೇ ಇಲ್ಲ. ಇನ್ನೂರಕ್ಕೆ ಅದನ್ನು ಒಬ್ಬರಿಗೆ ಕೊಟ್ಟುಬಿಟ್ಟೆ. ಆರು ತಿಂಗಳ ಮೇಲೆ ಅವರೇ ಫೋಟೋ ಕಳಿಸಿದರು. ತೋಳಿನ ತೇಪೆ ಬಿಚ್ಚಿದರೆ ಒಳಗೆ ಬಾಣ, 1944. ನಾನು ಸುಟ್ಟದ್ದು ಮೂಲ ಹೊಲಿಗೆಯ ದಾರವನ್ನಲ್ಲ, ರಿಪೇರಿ ದಾರವನ್ನು. ಟೈಲರ್ ಆಗಿಯೂ ಈ ತಪ್ಪು ಮಾಡಿದೆನಲ್ಲ ಎಂದು ಎರಡು ರಾತ್ರಿ ನಿದ್ದೆ ಬರಲಿಲ್ಲ. ಈಗ ಯಾವ ಬಟ್ಟೆಯಾದರೂ ಮೂರು ಕಡೆ ದಾರ ತೆಗೆಯುತ್ತೇನೆ: ಕಂಕುಳಿನ ಹೊಲಿಗೆ, ಕಾಲರಿನ ಒಳಗೆ, ಕಾಜ. ಮೂರೂ ಕಾಗದದ ಹಾಗೆ ಉರಿದು ಮೆತ್ತಗಿನ ಬೂದಿ ಆದರೆ ಮುಂದಿನ ಮಾತು.

ಮೊದಲ ಎರಡು ವರ್ಷ ದುಡ್ಡು ಹೋದದ್ದೇ ಹೋದದ್ದು. ನೆನಪಿನಿಂದ ಹೇಳುವುದಾದರೆ ಇಪ್ಪತ್ತಾರು, ಇಪ್ಪತ್ತೇಳು ಸಾವಿರ. ಅದರಲ್ಲಿ ಎರಡು ಸಾವಿರದ ಇನ್ನೂರು ಒಂದೇ ಕೋಟಿಗೆ. ಗುಂಡಿಯಲ್ಲಿ ಗಂಡಭೇರುಂಡ ಕಂಡಿತು. ಮೈಸೂರು ಅರಸರ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ದು ಅಂತಲೇ ಮನಸ್ಸು ಓಡಿತು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರು ಗೆದ್ದವರಲ್ಲಿ ನಮ್ಮವರೂ ಇದ್ದರು ಅನ್ನುವುದು ಚಿಕ್ಕಂದಿನಿಂದ ಕೇಳಿದ್ದು. ಕೈ ನಡುಗುತ್ತಿತ್ತು, ಚೌಕಾಸಿ ಮಾಡಲಿಲ್ಲ. ಮನೆಯಲ್ಲಿ ಭೂತಗನ್ನಡಿ ಹಿಡಿದರೆ ಗಂಡಭೇರುಂಡದ ಮೇಲೆ ಅಶೋಕನ ಸಿಂಹ, ಕೆಳಗೆ ಸತ್ಯಮೇವ ಜಯತೇ. ಅದು ಕರ್ನಾಟಕ ಸರ್ಕಾರದ ಲಾಂಛನ. ಮೈಸೂರು ಅರಸರದ್ದರಲ್ಲಿ ಇರುವ ಮಾತು ‘ನ ಬಿಭೇತಿ ಕದಾಚನ’. ಯಾರೋ ಸರ್ಕಾರಿ ನೌಕರರ ಕೋಟು ಅದು. ಅಂಗಡಿಯವನದ್ದೇನೂ ತಪ್ಪಿಲ್ಲ, ಅವನು ಸುಳ್ಳು ಹೇಳಿರಲಿಲ್ಲ.

ಇನ್ನೊಂದು ವಿದೇಶದ ಹಳೆ ಬಟ್ಟೆಯ ಮೂಟೆಯಿಂದ, ಅಂದರೆ ಬೇಲ್‌ನಿಂದ, ಬಂದ ಅಮೆರಿಕ ಸೇನೆಯ ಎಂ-65 ಅನ್ನುವ ಜಾಕೆಟ್ಟು. ವಿಯೆಟ್ನಾಂ ಯುದ್ಧದ್ದು ಅಂದುಕೊಂಡು ಸಾವಿರದ ಎಂಟುನೂರು ಕೊಟ್ಟೆ. ಲೇಬಲ್ ಅರ್ಧ ಅಳಿಸಿತ್ತು. ಮೊಬೈಲಿನಲ್ಲಿ ಫೋಟೋ ತೆಗೆದು, ಬಣ್ಣ ತೆಗೆದು, ಕಪ್ಪು ಬಿಳುಪು ಅದಲುಬದಲು ಮಾಡಿದ ಮೇಲೆ ಓದಲು ಬಂತು: ಡಿಎಲ್ಎ 100-83. ಡಿಎಲ್ಎ ಅಂದರೆ ಅಮೆರಿಕ ಸೇನೆಗೆ ಸಾಮಾನು ಕೊಳ್ಳುವ ಸಂಸ್ಥೆ. ಆ ಹೆಸರು ಬರುವುದೇ 1977ರಿಂದ ಈಚೆಗೆ, ಅದಕ್ಕೂ ಮೊದಲು ಡಿಎಸ್ಎ. ನೂರರ ಮುಂದಿನ ಎರಡು ಅಂಕಿ ಗುತ್ತಿಗೆಯ ವರ್ಷ. ಅಂದರೆ 1983ರ ಮಾಲು. ಯುದ್ಧ ಮುಗಿದದ್ದು 1975ರಲ್ಲಿ. ಆದರೂ ಆ ಫೋಟೋ ಉಪಾಯ ಆವತ್ತೇ ಕಲಿತೆ, ಈಗ ದಿನಾ ಉಪಯೋಗಕ್ಕೆ ಬರುತ್ತದೆ. ಬೇಲ್ ಮಾಲಿನಲ್ಲಿ ನೇಟೋ ದೇಶಗಳ ಸೇನೆ ಹಾಕುವ ಹದಿಮೂರು ಅಂಕಿಯ ಸ್ಟಾಕ್ ನಂಬರ್ ಸಿಕ್ಕಿದರೆ ಐದನೇ ಮತ್ತು ಆರನೇ ಅಂಕಿ ನೋಡಿ. 99 ಬ್ರಿಟನ್, 12 ಜರ್ಮನಿ, 00 ಅಥವಾ 01 ಅಮೆರಿಕ.

ನೋಟು ಪರೀಕ್ಷಿಸುವ ನೀಲಿ ಲೈಟಿಗೂ ನಾನೂರೈವತ್ತು ಸುರಿದೆ. ಹಳೆ ಹತ್ತಿ ಹೊಳೆಯುವುದಿಲ್ಲ ಎಂದು ಕೇಳಿದ್ದೆ. ನನ್ನ ಹತ್ತಿರ ಇದ್ದದ್ದೆಲ್ಲ ಫಳಫಳ ಹೊಳೆಯಿತು. ಒಂದು ಸಲ ಈಗಿನ ಸೋಪಿನ ಪುಡಿಯಲ್ಲಿ ನೆನೆಸಿದರೆ ಅಜ್ಜನ ಕಾಲದ ಬಟ್ಟೆಯೂ ಹೊಳೆಯುತ್ತದೆ. ಆ ಲೈಟು ಈಗ ಮಗನ ಆಟಿಕೆ.

ಗುಂಡಿಯನ್ನು ನಾನು ಕೊನೆಗೆ ನೋಡುತ್ತೇನೆ. ಬ್ರಿಟಿಷ್ ಗುಂಡಿಯ ಕಿರೀಟದ ನೆತ್ತಿ ಉಬ್ಬಿದ್ದರೆ ರಾಜನ ಕಾಲ, ನಡುವೆ ತಗ್ಗಿದ್ದರೆ 1953ರಿಂದ ಈಚಿನ ರಾಣಿಯ ಕಾಲ, ಸರಿ. ಆದರೆ ಗುಂಡಿ ಬದಲಾಗುವಷ್ಟು ಸುಲಭಕ್ಕೆ ಇನ್ನೇನೂ ಬದಲಾಗುವುದಿಲ್ಲ. ಚಾರ್ಲ್ಸ್ ರಾಜನಾದ ಮೇಲೆ ಮತ್ತೆ ಉಬ್ಬು ಕಿರೀಟವೇ ಬಂದಿದೆ, ಅದೂ ನೆನಪಿರಲಿ.

ಈಗ 1943ರ ಕೋಟಿನ ಕಥೆ. ಆಗುಂಬೆ ಕಡೆಯ ಒಂದು ಮನೆಯಿಂದ ಕೆಟ್ಟ ಪಂಪ್‌ಸೆಟ್ಟು ಗುಜರಿಗೆ ಬಂದಿತ್ತು. ಅದಕ್ಕೆ ಹೊದಿಸಿದ್ದೇ ಈ ಕೋಟು. ಯುದ್ಧ ಮುಗಿದ ಮೇಲೆ ಮಿಕ್ಕ ಸಾಮಾನನ್ನು ಸರ್ಕಾರ ಮಾರಿಹಾಕಿತ್ತಲ್ಲ, ನಮ್ಮ ಮಳೆಗೆ ಅಂಥ ಉಣ್ಣೆ ಕೋಟು ಬಹಳ ಅನುಕೂಲ. ತೋಟ ಕಾಯುವವರು ಒಳಗೆ ಇದನ್ನು ತೊಟ್ಟು ಮೇಲೆ ಕಂಬಳಿಕೊಪ್ಪೆ ಹಾಕುತ್ತಿದ್ದರು ಎಂದು ಅಪ್ಪ ಹೇಳುತ್ತಿದ್ದರು. ಇದು ಮೂರು ಕೆಜಿ ಹತ್ತಿರ ತೂಗಿತು. ಎರಡು ಸಾಲು ಗುಂಡಿ, ಒಂದೂ ಮೂಲದ್ದಲ್ಲ. ಬಲಜೇಬಿಗೆ ಹೂವಿನ ಚೀಟಿ ಬಟ್ಟೆಯ ತೇಪೆ.

‘ಅಣ್ಣಾ, ಇದನ್ನ ತಗೊಂಡು ಏನು ಮಾಡ್ತೀರಿ? ಇನ್ನೂರು ಕೊಡಿ’ ಅಂದ ಅಂಗಡಿಯವನು. ನಾನು ಮುನ್ನೂರೈವತ್ತು ಕೊಟ್ಟೆ. ಮುಂದೆ ಇಂಥದ್ದು ಬಂದರೆ ಮೊದಲು ನನಗೇ ಫೋನ್ ಮಾಡಲಿ ಅಂತ. ಆ ನೂರೈವತ್ತು ರೂಪಾಯಿ ಈವರೆಗೆ ಮೂರು ಸಲ ವಾಪಸ್ ಬಂದಿದೆ.

ಭದ್ರಾವತಿಯ ಒಬ್ಬ ಗೆಳೆಯನಿಗೆ ತೋರಿಸಿದೆ. ಅವನೂ ಸಂಗ್ರಹ ಮಾಡುವವನೇ, ನನಗಿಂತ ಹಳಬ. ‘ಮಾರಾಯಾ, ಇದು ಯಾವುದೋ ವಾಚ್‌ಮನ್ ಕೋಟು. ಬಿಚ್ಚಿ ಇನ್ನಷ್ಟು ಹಾಳು ಮಾಡಬೇಡ’ ಅಂದ. ಬೆಂಗಳೂರಿನ ಇಬ್ಬರು ಫೋಟೋ ನೋಡಿ ಪೊಲೀಸ್ ಕೋಟು ಅಂದರು. ನಾನು ಅರ್ಧ ಬ್ಲೇಡು ತೆಗೆದುಕೊಂಡೆ. ತೇಪೆಯ ಕೆಳಗಿನ ಬದಿಯಲ್ಲಿ ಎರಡು ಇಂಚು, ಮೂರು ಹೊಲಿಗೆಗೆ ಒಂದರಂತೆ ಕತ್ತರಿಸಿ ಸೂಜಿಯಿಂದ ಎಳೆದೆ. ಬಟ್ಟೆ ಎಳೆಯಬಾರದು, ದಾರ ಮಾತ್ರ ಎಳೆಯಬೇಕು. ಮೊದಲು ಕಂಡದ್ದು ಬಣ್ಣ. ಹೊರಗೆ ಒಣಗಿದ ಸೊಪ್ಪಿನ ಹಾಗಿದ್ದ ಕೋಟು ತೇಪೆಯ ಅಡಿಯಲ್ಲಿ ಗಟ್ಟಿ ಖಾಕಿ. ಆಮೇಲೆ ಒಳಜೇಬಿನ ಬಿಳಿ ಬಟ್ಟೆ ಮೇಲೆ ಶಾಯಿಯ ಅಂಚು. ಶಾಯಿ ಬಹಳ ಮಂಕಾಗಿತ್ತು. ಅದನ್ನು ಎದ್ದು ಕಾಣುವ ಹಾಗೆ ಮಾಡಲು ನಾನು ಒಂದು ದ್ರವ ಹಚ್ಚುತ್ತೇನೆ. ಅಡುಗೆಮನೆಯಲ್ಲೇ ಸಿಗುವ ವಸ್ತು. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನಾನು ಹನ್ನೊಂದು ಅಂಗಿ ಹಾಳು ಮಾಡಿದ್ದೇನೆ.

ಫೋಟೋ ಕಳಿಸಿದೆ. ಭದ್ರಾವತಿಯವನು ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಬಂದ. ಕೈಯಿಂದ ಮುಟ್ಟಿ ನೋಡಿ, ‘ನೀನು ಹೇಳಿದ್ದು ಸರಿ’ ಅಂದ. ಅಷ್ಟು ಸಾಕಿತ್ತು ನನಗೆ. ಆಮೇಲಿಂದ ಹದಿನಾಲ್ಕೋ ಹದಿನೈದೋ ತೇಪೆ ಬಟ್ಟೆ ಬಿಚ್ಚಿದ್ದೇನೆ. ಐದರಲ್ಲಿ ಗುರುತು ಸಿಕ್ಕಿದೆ. ತೇಪೆ ಇಲ್ಲದವುಗಳಲ್ಲಿ ನನಗೆ ಇಪ್ಪತ್ತಕ್ಕೆ ಒಂದು ಸಿಕ್ಕಿದರೆ ಹೆಚ್ಚು. ಜೇಬು ಬಿಟ್ಟರೆ ಕಾಲರ್ ನೋಡಿ. ಸವೆದ ಕಾಲರನ್ನು ಮಗುಚಿ ಹೊಲಿದಿದ್ದರೆ ಹಳೆ ಮೇಲ್ಮೈ ಈಗ ಅಡಿಗೆ ಹೋಗಿರುತ್ತದೆ.

ಬಿಚ್ಚಿದ್ದನ್ನು ಮತ್ತೆ ಹೊಲಿಯಬೇಕಲ್ಲ, ಹೊಸ ದಾರ ಎದ್ದು ಕಾಣುತ್ತದೆ. ಹೆಗ್ಗೋಡಿನ ಚರಕ ಕೈಮಗ್ಗ ಸಂಘದವರು ಅಡಿಕೆ ಬೇಯಿಸಿದ ನೀರಿನಿಂದ, ಅಂದರೆ ಚೊಗರಿನಿಂದ, ಬಟ್ಟೆಗೆ ಬಣ್ಣ ಹಾಕುವುದು ಗೊತ್ತಿತ್ತು. ಸಾಗರದ ಭಾವನ ಮನೆಯಲ್ಲಿ ಅಡಿಕೆ ಬೇಯಿಸುವಾಗ ಎರಡು ಲೀಟರ್ ಚೊಗರು ತಂದು ಹತ್ತಿ ದಾರ ಅದ್ದಿದೆ. ಕೆಂಪು ಜಾಸ್ತಿಯಾಯಿತು. ತುಕ್ಕು ಮೊಳೆ ಹಾಕಿದೆ, ಕಪ್ಪಾಯಿತು. ಐದನೇ ಸಲಕ್ಕೆ ನೀರು ಬೆರೆಸಿ, ಮೊಳೆಯನ್ನು ಕಾಲು ಗಂಟೆ ಮಾತ್ರ ಇಟ್ಟು ತೆಗೆದಾಗ ಹಳೆ ಖಾಕಿಗೆ ಹತ್ತಿರದ ಬಣ್ಣ ಬಂತು. ಈ ದಾರವನ್ನು ನಾನು ರಿಪೇರಿಗೆ ಮಾತ್ರ ಬಳಸುತ್ತೇನೆ. ಕೊಳ್ಳುವವರಿಗೆ ಎಲ್ಲಿ ಹೊಲಿದಿದ್ದೇನೆ ಎಂದು ಚೀಟಿ ಬರೆದು ಕೊಡುತ್ತೇನೆ. ಹಳೆಯದೆಂದು ನಂಬಿಸಲು ಬಳಸಿದರೆ ಅದು ಮೋಸ.

ನಮ್ಮ ಮಳೆಗಾಲದಲ್ಲಿ ಉಣ್ಣೆಗೆ ಬೂಸ್ಟು ಹಿಡಿಯುವುದು ನಿಮಗೆಲ್ಲ ಗೊತ್ತಿರುವುದೇ. ಒಲೆಯ ಮೇಲಿನ ಅಟ್ಟದಲ್ಲಿ ನೇತುಹಾಕಿ ನೋಡಿದೆ, ಬೂಸ್ಟು ನಿಂತಿತು, ಹೊಗೆ ವಾಸನೆ ಮಾತ್ರ ಇವತ್ತಿಗೂ ಹೋಗಿಲ್ಲ. ಈಗ ಅಂಟುವಾಳದ ನೀರಿನಲ್ಲಿ ತಣ್ಣಗೆ ತೊಳೆದು, ನೆರಳಲ್ಲಿ ಮಲಗಿಸಿ ಒಣಗಿಸುತ್ತೇನೆ. ನೇತುಹಾಕಿದರೆ ಭುಜ ಇಳಿಯುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸೈನಿಕ ಎಂದು ಜನ ನಂಬಲಿ ಅಂತ ಸೇನೆಯ ಸಮವಸ್ತ್ರ ತೊಡುವುದು ಅಪರಾಧ. 2022ರಲ್ಲಿ ಬಂದ ನಮ್ಮ ಸೇನೆಯ ಹೊಸ ಮಾದರಿಯ ಬಟ್ಟೆ ರಾಶಿಯಲ್ಲಿ ಕಂಡರೆ ನಾನು ಕೈಯಿಂದಲೂ ಮುಟ್ಟುವುದಿಲ್ಲ. ಸಂಗ್ರಹ ಬೇರೆ, ವೇಷ ಬೇರೆ.

ಕೋಟನ್ನು ಹುಬ್ಬಳ್ಳಿಯ ಒಬ್ಬರು ಹನ್ನೊಂದು ಸಾವಿರ ಚಿಲ್ಲರೆಗೆ ತೆಗೆದುಕೊಂಡರು. ಹೂವಿನ ತೇಪೆ ಕೀಳಬೇಡಿ, ಆದರೆ ಗುರುತು ಬೇಕಾದಾಗ ಕಾಣಬೇಕು ಅಂದರು. ಮೂರು ಬದಿ ಹಳೆ ಹೊಲಿಗೆಯನ್ನು ಹಾಗೇ ಬಿಟ್ಟೆ. ಬಿಚ್ಚಿದ ಬದಿಯ ಅಂಚನ್ನು ಚೊಗರು ದಾರದಲ್ಲಿ ಕಟ್ಟಿ ಎರಡು ಟಿಚ್ ಬಟನ್ ಹಾಕಿಕೊಟ್ಟೆ.